ಹೊಟ್ಟೆ ಬಂದ ಹರಿಗೋಲು

ಈ ಕಥೆಯ ಒಂದೊಂದು ಮಾತೂ ನಿಜ. ಬೇಕಾದರೆ ತುಂಗಭದ್ರೆಯ ನೀರನ್ನು ಬೊಗಸೆಯಲ್ಲಿ ಹಿಡಿದು ಆಣೆ ಮಾಡುತ್ತೇನೆ. ಉತ್ಪ್ರೇಕ್ಷೆ ಎಂಬುದು ನನ್ನ ಜಾಯಮಾನದಲ್ಲೇ ಇಲ್ಲ. ಉತ್ಪ್ರೇಕ್ಷೆ ಮಾಡದಿರುವುದರಲ್ಲಿ ನನ್ನನ್ನು ಮೀರಿಸುವವರು ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ.

ಹೊಳೆಯ ದಡದಲ್ಲಿ ಅಡಿವೆಪ್ಪ ಮೇಷ್ಟ್ರು ಎಂಬ ಗುರುಗಳಿದ್ದರು. ಅವರದೊಂದು ಪ್ರತಿಷ್ಠಾನವಿತ್ತು. ಪ್ರತಿಷ್ಠಾನ ಎಂದೊಡನೆ ಗಾಜಿನ ಕಟ್ಟಡ ನೆನೆಯಬೇಡಿ. ಒಂದು ಬೇವಿನ ಮರ, ಒಂದು ಹೆಂಚಿನ ಕೋಣೆ, ಕೆಲವು ಶಿಷ್ಯರು. ಲಾಭ ಎನ್ನುವ ಪದ ಅಲ್ಲಿ ಗಣಿತದ ಪಾಠದಲ್ಲಿ ಮಾತ್ರ ಬರುತ್ತಿತ್ತು.

ಅವರ ಕೆಲಸ ಇಷ್ಟೇ. ಶಿಷ್ಯರು ಸರ್ಕಾರಿ ಶಾಲೆಗಳಿಗೆ ಹೋಗಬೇಕು. ಅಲ್ಲಿನ ಶಿಕ್ಷಕರ ಜೊತೆ ನಿಲ್ಲಬೇಕು. ಮಕ್ಕಳು ತಮ್ಮದೇ ಒಂದು ಪ್ರಶ್ನೆ ಕೇಳುವವರೆಗೆ ಕಾಯಬೇಕು. ಕೇಳಿದ ಮೇಲೆ ಆ ಪ್ರಶ್ನೆಯೇ ಪಾಠ. ಮಕ್ಕಳು ಕೈಯಾರೆ ಏನಾದರೂ ಮಾಡಿ ಉತ್ತರ ಹುಡುಕಬೇಕು. ಲೆಕ್ಕ, ವಿಜ್ಞಾನ, ಕನ್ನಡ ಎಲ್ಲವೂ ಅದರ ಬೆನ್ನು ಹತ್ತಿ ಬರಬೇಕು.

ಶಿಷ್ಯರಲ್ಲಿ ಶರಭೇಶ ಎಂಬವನು ಬಹಳ ಚುರುಕು. ಅಂಥ ಚುರುಕಿನ ಮುಖವನ್ನು ನಾನು ಕನ್ನಡಿಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿಲ್ಲ.

ಒಂದು ದಿನ ಹೊಳೆಯಂಚಿನ ಅವನ ಶಾಲೆಯಲ್ಲಿ, ಏಳನೇ ತರಗತಿಯ ಹುಲಿಗೆಮ್ಮ ಎದ್ದು ನಿಂತಳು.

"ಸರ್, ಹರಿಗೋಲು ದುಂಡಗಿರ್ತದೆ. ಬುಟ್ಟಿ ಇದ್ದಂಗೆ. ಅದಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ಮತ್ತೆ ಹೊಳೆಯಾಗ ನೆಟ್ಟಗೆ ಹೆಂಗೆ ಹೋಗ್ತದೆ?"

ಶರಭೇಶ ಗುರುಗಳ ಬಳಿಗೆ ಓಡಿ ಬಂದ.

"ಗುರುಗಳೇ, ಪ್ರಶ್ನೆ ಸಿಕ್ಕಿತು! ಉತ್ತರ ಏನು?"

"ಪ್ರಶ್ನೆ ಅವರದು," ಎಂದರು ಗುರುಗಳು. "ಉತ್ತರ ನಿನಗ್ಯಾಕೆ?"

ಮಕ್ಕಳು ತಾವೇ ಒಂದು ಹರಿಗೋಲು ಕಟ್ಟಿ ನೋಡುವುದೆಂದು ತೀರ್ಮಾನಿಸಿದರು. ಬಿದಿರು ಸೀಳಿದರು, ಹೆಣೆದರು, ಬಿಚ್ಚಿದರು, ಜಗಳವಾಡಿದರು, ಮತ್ತೆ ಹೆಣೆದರು. ಹೊರಗೆ ತಾಡಪತ್ರಿ ಬಿಗಿದು ಡಾಂಬರು ಬಳಿದರು. ಡಾಂಬರು ಹರಿಗೋಲಿಗಿಂತ ಮಕ್ಕಳಿಗೇ ಹೆಚ್ಚು ಹತ್ತಿತು. ಅವತ್ತು ಆ ಮಕ್ಕಳನ್ನು ಹೊಳೆಗೆ ಬಿಟ್ಟಿದ್ದರೆ ಹರಿಗೋಲೇ ಇಲ್ಲದೆ ಸಮುದ್ರ ಮುಟ್ಟುತ್ತಿದ್ದರು.

ಆದರೆ ಎರಡು ಗುಂಪು ಎರಡು ಕಡೆಯಿಂದ ಹೆಣೆಯುತ್ತ ಬಂದಿದ್ದವು. ಎರಡೂ ಸೇರುವ ಜಾಗದಲ್ಲಿ ಹರಿಗೋಲಿಗೆ ಹೊಟ್ಟೆ ಬಂತು. ಮದುವೆಮನೆಯಲ್ಲಿ ಮೂರು ಪಂಕ್ತಿ ಉಂಡವನ ಹೊಟ್ಟೆಯ ಹಾಗೆ.

ಶರಭೇಶ ಮತ್ತೆ ಓಡಿ ಬಂದ.

"ಗುರುಗಳೇ, ಸೊಟ್ಟಗಾಗಿದೆ. ನಾನು ತಿದ್ದಿಬಿಡಲೇ?"

ಗುರುಗಳು ಒಳಗೆ ಹೋಗಿ ಎರಡು ಲೋಟ ತಂದರು. ಅಂಚಿನವರೆಗೆ ಮಜ್ಜಿಗೆ ತುಂಬಿತ್ತು. ಒಂದನ್ನು ಅವನ ಬಲಗೈಗೆ, ಇನ್ನೊಂದನ್ನು ಎಡಗೈಗೆ ಕೊಟ್ಟರು.

"ಶಾಲೆಗೆ ಹೋಗಿ ಮಕ್ಕಳ ಪಕ್ಕ ನಿಲ್ಲು. ಸಂಜೆಯವರೆಗೆ ಒಂದು ತೊಟ್ಟೂ ಚೆಲ್ಲಬಾರದು."

ಶರಭೇಶ ನಿಂತ. ಎರಡೂ ಕೈ ತುಂಬಿದ್ದರಿಂದ ಅವನಿಗೆ ಏನನ್ನೂ ಮುಟ್ಟಲಾಗಲಿಲ್ಲ. ಮಕ್ಕಳು ತಮ್ಮ ಪಾಡಿಗೆ ತಾವು ಹರಿಗೋಲನ್ನು ಹೊಳೆಗಿಳಿಸಿ ಹಿಂದುಮುಂದು ಮಾಡಿ ನೋಡಿದರು; ಅವನ ಕಣ್ಣು ಮಜ್ಜಿಗೆಯ ಮೇಲೇ ಇತ್ತು.

ಇದು ಏಕಾಗ್ರತೆಯ ಪಾಠ ಎಂದುಕೊಂಡ ಅವನು. ಲೋಟ ಕೆಳಗಿಟ್ಟ ಮರುಗಳಿಗೆಯಲ್ಲೇ ಮರೆತ.

ಅಷ್ಟರಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿ ಅಂಬುಜಾಕ್ಷಿ ಮೇಡಂ ಅವರ ಫೋನು ಬಂತು.

"ಬುಧವಾರ ಬಂದು ನೋಡ್ತೇನೆ. ಸರಿ ಕಂಡರೆ ತಾಲ್ಲೂಕಿನ ಎಲ್ಲ ಶಾಲೆಗೂ ನಿಮ್ಮ ಪದ್ಧತಿ. ಸರಿ ಕಾಣದಿದ್ದರೆ ಈ ಶಾಲೆಯಲ್ಲೂ ಬೇಡ. ಮಕ್ಕಳು ಮೊದಲಿನ ಹಾಗೆ ಬೋರ್ಡು ನೋಡಿ ಬರ್ಕೊಳ್ಳಲಿ."

ಶರಭೇಶನಿಗೆ ಅನ್ನ ಸೇರಲಿಲ್ಲ. ಕಣ್ಣು ಮುಚ್ಚಿದರೆ ಆ ಹೊಟ್ಟೆಯೇ ಎದುರಿಗೆ ಬರುತ್ತಿತ್ತು. ಇಷ್ಟೆಲ್ಲ ಮಕ್ಕಳ ಭವಿಷ್ಯ ಒಂದು ಸೊಟ್ಟ ಬುಟ್ಟಿಯಲ್ಲಿ ಕೂತಿದೆಯಲ್ಲ ಎಂದುಕೊಂಡ.

ಮಂಗಳವಾರ ಶಾಲೆಗೆ ರಜೆ ಇತ್ತು. ಅವನು ಪಕ್ಕದೂರಿನ ಮಾವನ ಮನೆಯಿಂದ ಒಂದು ಹರಿಗೋಲು ತಂದ. ಹೋಳಿಗೆಯಷ್ಟು ದುಂಡಗೆ, ನುಣ್ಣಗೆ. ಮಕ್ಕಳದನ್ನು ಶಾಲೆಯ ಅಡುಗೆಕೋಣೆಯ ಹಿಂದೆ ಮಗುಚಿಟ್ಟು ಸೌದೆ ಮುಚ್ಚಿದ.

ಬುಧವಾರ ಬೆಳಿಗ್ಗೆ ಮಕ್ಕಳು ಬಂದು ಸುತ್ತ ನಿಂತರು.

"ಇದ್ಯಾರದು ಸರ್?"

"ನಿಮ್ಮದೇ. ಸ್ವಲ್ಪ ಸರಿ ಮಾಡ್ದೆ, ಅಷ್ಟೇ."

ಹುಲಿಗೆಮ್ಮ ಅದನ್ನೊಮ್ಮೆ ಮುಟ್ಟಿ ನೋಡಿದಳು. ಎಲ್ಲರೂ ಹೋಗಿ ತರಗತಿಯಲ್ಲಿ ಕೂತರು.

ಗುರುಗಳು ಬಂದರು. ಹೊಸ ಹರಿಗೋಲನ್ನು ಒಂದು ಸುತ್ತು ಹಾಕಿದರು. ಬೆರಳಿನಿಂದ ತಟ್ಟಿದರು.

"ಭಾರಿ ಚೆಂದ. ಮಕ್ಕಳೆಲ್ಲಿ?"

"ಒಳಗೆ ಕೂತಿದ್ದಾರೆ ಗುರುಗಳೇ. ಸಾಲಾಗಿ, ಸದ್ದಿಲ್ಲದೆ."

"ಸದ್ದಿಲ್ಲದೆ!" ಎಂದರು ಗುರುಗಳು. "ಹಾಗಾದರೆ ಭಾರಿ ಕೆಟ್ಟದ್ದೇನೋ ಆಗಿದೆ."

ಶರಭೇಶ ಬಾಯಿ ತೆರೆಯುವಷ್ಟರಲ್ಲಿ ಮೇಡಂ ಜೀಪು ಬಂತು.

"ಎಲ್ಲಿ ಮೇಷ್ಟ್ರೇ ನಿಮ್ಮ ಹರಿಗೋಲು? ಓಹೋ! ಮಕ್ಕಳೇ ಕಟ್ಟಿದ್ದಾ ಇದು?"

ಶರಭೇಶ ತಲೆಯಾಡಿಸಿದ. ಅದು ಹೌದೂ ಆಗಬಹುದಿತ್ತು, ಅಲ್ಲವೂ ಆಗಬಹುದಿತ್ತು.

"ನೋಡೋದೇನು ತಾಯಿ, ಕೂತೇ ಬಿಡೋಣ," ಎಂದರು ಗುರುಗಳು. "ಶರಭೇಶ, ಹುಟ್ಟು ಹಿಡಿ."

ಆ ದಿನದ ಹೊಳೆಯನ್ನು ನೀವು ನೋಡಬೇಕಿತ್ತು! ಆನೆಯ ಮೇಲೆ ಆನೆ ನಿಲ್ಲಿಸಿದರೂ ಮೇಲಿನ ಆನೆಯ ಕಿವಿ ಒದ್ದೆಯಾಗುವಷ್ಟು ಆಳ. ಮೊಸಳೆಗಳು ಕೂಡ ಹೆದರಿ ದಡ ಹತ್ತಿ ಕೂತಿದ್ದವು. ಅಂಥ ನೀರಿಗೆ ಮೂವರೂ ಇಳಿದರು. ಮಕ್ಕಳು ದಡಕ್ಕೆ ಓಡಿ ಬಂದರು.

ನಡುಹೊಳೆಗೆ ಬಂದದ್ದೇ ತಡ, ಹರಿಗೋಲು ತಿರುಗತೊಡಗಿತು.

ಶರಭೇಶ ಎಡಕ್ಕೆ ಹುಟ್ಟು ಹಾಕಿದ. ಬಲಕ್ಕೆ ತಿರುಗಿತು. ಬಲಕ್ಕೆ ಹಾಕಿದ. ಎಡಕ್ಕೆ ತಿರುಗಿತು. ಆಮೇಲೆ ಹುಟ್ಟೇ ಹಾಕದಿದ್ದರೂ ಗಿರಗಿರನೆ ತಿರುಗಿತು. ಮೇಡಂ ಬ್ಯಾಗನ್ನು ತಲೆಯ ಮೇಲೆ ಹೊತ್ತುಕೊಂಡರು.

"ಮೇಷ್ಟ್ರೇ, ಏನಾದರೂ ಮಾಡ್ರೀ!"

"ನಾನು ಕಟ್ಟಿಲ್ಲವಲ್ಲ ತಾಯಿ," ಎಂದು ಗುರುಗಳು ಕಾಲು ಮಡಚಿ ಕೂತರು. ಅವರ ಮುಖ ಒಮ್ಮೆ ಆ ದಡಕ್ಕೆ, ಒಮ್ಮೆ ಈ ದಡಕ್ಕೆ ತಿರುಗುತ್ತಿತ್ತು. ನಗು ಮಾತ್ರ ಅಲ್ಲೇ ಇತ್ತು. "ಶರಭೇಶ, ಕಟ್ಟಿದವರನ್ನು ಕರಿ."

ಶರಭೇಶ ಮೇಡಂ ಮುಖ ನೋಡಿದ. ದಡ ನೋಡಿದ. ಸುಮ್ಮನಿದ್ದರೆ ಗುಟ್ಟು ಉಳಿಯುತ್ತದೆ, ಕೂಗಿದರೆ ಎಲ್ಲ ಮುಗಿಯುತ್ತದೆ.

ಇನ್ನೂ ಒಂದು ಸುತ್ತು ತಿರುಗಿತು.

"ಹುಲಿಗೆಮ್ಮಾ!" ಎಂದು ಕೂಗಿದ.

"ಸರ್, ಅದು ನಮ್ಮದಲ್ಲ!" ದಡದಿಂದ ಉತ್ತರ ಬಂತು. "ಅದ್ರ ಗುಣ ನಮಗೆ ಗೊತ್ತಿಲ್ಲ! ನಮ್ಮದು ಅಡುಗೆಕೋಣೆ ಹಿಂದೆ ಸೌದೆ ಕೆಳಗೈತಿ, ಬೆಳಿಗ್ಗೇನೇ ಕಂಡ್ವಿ! ತರ್ಲಾ?"

ಮೇಡಂ ಬ್ಯಾಗು ಕೆಳಗಿಳಿಸಿ ಅವನನ್ನೇ ನೋಡಿದರು.

"ತನ್ನಿ!" ಎಂದ ಶರಭೇಶ. "ನಿಮ್ಮದನ್ನೇ ತನ್ನಿ. ಮೇಡಂ, ಇದನ್ನು ಮಕ್ಕಳು ಕಟ್ಟಿಲ್ಲ. ಪಕ್ಕದೂರಿಂದ ನಾನು ತಂದದ್ದು."

ಮಕ್ಕಳು ಓಡಿದರು. ಸೌದೆ ಹಾರಿತು. ಹೊಟ್ಟೆಯ ಹರಿಗೋಲು ಅವರ ತಲೆಗಳ ಮೇಲೆ ದೊಡ್ಡ ಆಮೆಯ ಹಾಗೆ ಬಂತು. ಹುಲಿಗೆಮ್ಮ ಮತ್ತು ಇಬ್ಬರು ಏರಿ ಕೂತರು. ಒಬ್ಬ ನೀರು ಹೊರಚೆಲ್ಲಲು ಚೊಂಬು ಹಿಡಿದ, ಏಕೆಂದರೆ ಹರಿಗೋಲು ಸೋರುತ್ತಿತ್ತು, ಮತ್ತು ಎಲ್ಲಿ ಸೋರುತ್ತದೆಂದು ಅವರಿಗೆ ಗೊತ್ತಿತ್ತು.

ನೇರ ಬಂದರು. ದಾರ ಎಳೆದ ಹಾಗೆ.

ಹಗ್ಗ ಎಸೆದು, ಕಟ್ಟಿಕೊಂಡು, ತಿರುಗುತ್ತಿದ್ದ ದೊಡ್ಡವರನ್ನು ದಡಕ್ಕೆ ಎಳೆದು ತಂದರು.

ಮೇಡಂ ಇಳಿದರು. ಭೂಮಿ ನಿಲ್ಲಲಿ ಎಂದು ಸ್ವಲ್ಪ ಕಾದರು. ಆಮೇಲೆ ಕೇಳಿದರು:

"ಇದು ಹೇಗೆ ನೆಟ್ಟಗೆ ಬಂತು?"

ಅಷ್ಟೇ ಬೇಕಾಗಿತ್ತು. ಎಲ್ಲರೂ ಒಟ್ಟಿಗೆ ಬಾಯಿ ಬಿಟ್ಟರು.

"ಹೊಟ್ಟೆಯಿಂದ ಮೇಡಂ!"

"ಮೊದ್ಲು ಹೊಟ್ಟೆ ಮುಂದಿಟ್ಟಿದ್ವಿ, ಗಿರಗಿರ ತಿರುಗ್ತು!"

"ಹಿಂದಕ್ಕಿಡೋಣ ಅಂದಿದ್ದು ನಾನು!"

"ಏ ಸುಳ್ಳ, ನಾನು!"

"ಹಿಂದೆ ಹೊಟ್ಟೆ ನೀರು ಹಿಡೀತದೆ ಮೇಡಂ, ಬಾಲ ಇದ್ದಂಗೆ. ಮುಂದೆ ಕೂತು ಹುಟ್ಟು ಹಾಕ್ಬೇಕು. ಬರ್ರಿ, ತೋರಿಸ್ತೀವಿ!"

"ಬೇಡಪ್ಪ, ನಂಬಿದೆ!" ಎಂದು ಮೇಡಂ ಎರಡು ಹೆಜ್ಜೆ ಹಿಂದೆ ಸರಿದರು.

ಅವರು ಆ ಹೊಟ್ಟೆಯನ್ನು ಬಗ್ಗಿ ತಟ್ಟಿ ನೋಡಿದರು. ಕೊನೆಗೆ ಗುರುಗಳ ಕಡೆ ತಿರುಗಿದರು.

"ಮೇಷ್ಟ್ರೇ, ಎಲ್ಲ ಶಾಲೆಯಲ್ಲೂ ಶುರು ಮಾಡಿ. ಆದರೆ ಈ ನಿಮ್ಮ ಶಿಷ್ಯ..."

"ಅವನನ್ನೇ ಮೊದಲು ಕಳಿಸ್ತೇನೆ ತಾಯಿ," ಎಂದರು ಗುರುಗಳು. "ಮಕ್ಕಳನ್ನು ಕೂಗಿ ಕರೆಯೋದನ್ನು ಈಗಷ್ಟೇ ಕಲಿತಿದ್ದಾನೆ."

ಮೇಡಂ ನಕ್ಕರು.

ಮೊದಲೇ ಆಣೆ ಮಾಡಿದ್ದೇನೆ, ಆದ್ದರಿಂದ ಒಂದು ಸಣ್ಣ ವಿವರ ಮಾತ್ರ ನಾನು ಸೇರಿಸಿದ್ದು ಎಂದು ಒಪ್ಪಿಕೊಂಡುಬಿಡುತ್ತೇನೆ. ಹೊಳೆ ಅಷ್ಟು ಆಳವಿರಲಿಲ್ಲ. ಬೇಸಿಗೆಯ ಹೊಳೆ, ನೀರು ಮೊಣಕಾಲುದ್ದ. ಮೂವರೂ ಇಳಿದು ನಡೆದುಕೊಂಡು ಬರಬಹುದಿತ್ತು. ಮಕ್ಕಳಿಗೂ ಗುರುಗಳಿಗೂ ಅದು ಗೊತ್ತಿತ್ತು. ಉಳಿದದ್ದೆಲ್ಲ ನಿಜ, ಮೊಸಳೆ ಸಮೇತ. ಮರುದಿನ ಬೇವಿನ ಮರದ ಕೆಳಗೆ ನಡೆದ ಮಾತಂತೂ ಶುದ್ಧ ನಿಜ.

ಶರಭೇಶ ಹೊಸ ಶಾಲೆಗೆ ಹೊರಟಿದ್ದ. ಅದು ಗುಡ್ಡದ ಆಚೆಯ ಊರು. ಬರೀ ಬಂಡೆ, ಹೊಳೆ ಇಲ್ಲ, ಕೆರೆಯೂ ಇಲ್ಲ.

"ಗುರುಗಳೇ, ಮಕ್ಕಳ ಹರಿಗೋಲು ಕೊಡ್ತೀರಾ? ಮಾದರಿಗೆ ಇರಲಿ ಅಂತ."

"ಅದು ನನ್ನದಲ್ಲ."

"ಹಾಗಾದರೆ ಏನು ತಗೊಂಡು ಹೋಗಲಿ?"

ಗುರುಗಳು ಅವನ ಜೋಳಿಗೆಯನ್ನು ಕೊಡವಿ, ಖಾಲಿ ಮಾಡಿ, ಹೆಗಲಿಗೆ ಹಾಕಿದರು.

"ಅಲ್ಲಿ ನೀರೇ ಇಲ್ಲವಲ್ಲ ಗುರುಗಳೇ. ಆ ಮಕ್ಕಳಿಂದ ಏನು ಮಾಡಿಸಬೇಕು, ನೀವೇ ಹೇಳಿ."

ಗುರುಗಳು ಅವನ ಬೆನ್ನು ತಟ್ಟಿ ದಾರಿಗೆ ತಿರುಗಿಸಿದರು.

"ನನ್ನನ್ನು ಕೇಳ್ತೀಯಲ್ಲೋ ಶರಭೇಶ, ನಾನೇನು ಆ ಊರಿನ ಮಗುವೇ?"