ವಯಸ್ಸಿಗಿಳಿದು ಓದುತ್ತಿದ್ದ ಸಂಕವ್ವ

ಬಲು ಹಿಂದೆ, ಒಂದೂರಲ್ಲಿ ನಡೆದದ್ದು ಇದು. ಎಷ್ಟು ಹಿಂದೆ ಎಂದು ನನ್ನನ್ನು ಕೇಳಬೇಡಿ. ನನಗೆ ಹೇಳಿದವರಿಗೂ ಅದು ಗೊತ್ತಿರಲಿಲ್ಲ, ಅವರಿಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಊರಿನ ಹೆಸರು ನೂಲಗೇರಿ. ಹೊಳೆಯ ದಂಡೆ, ಕರಿಮಣ್ಣಿನ ನೆಲ, ಮನೆಮನೆಗೂ ಮಗ್ಗ. ಬೆಳಗಾದರೆ ಲಾಳಿ ಓಡಾಡುವ ಸದ್ದು ಓಣಿಯ ಈ ತುದಿಯಿಂದ ಆ ತುದಿಗೆ ಹರಿಯುತ್ತಿತ್ತಂತೆ. ಆ ಊರಲ್ಲಿ ಸಂಕವ್ವ ಎಂಬ ಹೆಂಗಸಿದ್ದಳು.

ಸಂಕವ್ವನ ಗಂಡ ವಿರುಪಣ್ಣ ಎತ್ತಿನ ಮೇಲೆ ಪುಸ್ತಕ ಹೇರಿಕೊಂಡು ಸಂತೆಯಿಂದ ಸಂತೆಗೆ ಹೋಗಿ ಮಾರುವವನು. ಮದುವೆಯಾದ ಹೊಸತರಲ್ಲೇ ಹೆಂಡತಿಗೆ ಓದು ಕಲಿಸಿದನಂತೆ. ಒಂದು ಮಳೆಗಾಲ ಜ್ವರ ಹತ್ತಿ ಅವನು ತೀರಿಕೊಂಡ. ಮನೆಯಲ್ಲಿ ಉಳಿದದ್ದು ಆ ಎತ್ತು, ಒಂದು ಮರದ ಪೆಟ್ಟಿಗೆ ತುಂಬ ಪುಸ್ತಕ. ಸಂಕವ್ವ ಎತ್ತನ್ನು ಹೊಲದವರಿಗೆ ಕೊಟ್ಟಳು, ಪೆಟ್ಟಿಗೆಯನ್ನು ಯಾರಿಗೂ ಕೊಡಲಿಲ್ಲ. ಅವಳಿಗೆ ಮಕ್ಕಳಿರಲಿಲ್ಲ. ಓಣಿಯ ಮಕ್ಕಳೇ ಬಂದು ಪೆಟ್ಟಿಗೆಯ ಸುತ್ತ ಕೂರುತ್ತಿದ್ದವು. ಕೇಳಿದವರಿಗೆ ಕೇಳಿದ್ದನ್ನು ಕೊಟ್ಟುಬಿಡುತ್ತಿದ್ದಳು. ಓದಿ ತಂದುಕೊಟ್ಟರೆ ಸಾಕು.

ಹಾಗೆ ಕೊಟ್ಟದ್ದರಲ್ಲೇ ಒಂದು ಅನಾಹುತವಾಯಿತಂತೆ. ಆಗಷ್ಟೇ ಅಕ್ಷರ ಕೂಡಿಸಲು ಕಲಿತಿದ್ದ ಮಾನಿಂಗ ಎಂಬ ಆರು ವರ್ಷದ ಹುಡುಗ ಚಿತ್ರ ನೋಡಿ ಆಸೆಪಟ್ಟು ಒಂದು ಪುಸ್ತಕ ಒಯ್ದ. ಅದರಲ್ಲಿ ಬಾವಿಯೊಳಗಿನ ರಕ್ಕಸಿ ಒಬ್ಬಳಿದ್ದಳು. ಆಮೇಲೆ ಆ ಮಗು ಬಾವಿಯ ನೀರು ಕುಡಿಯಲಿಲ್ಲ. ಹೊಳೆಯ ನೀರು ತಂದುಕೊಟ್ಟರೂ ಬಾವಿಯದೇ ಎಂದು ಅತ್ತಿತು. ಬಾಯಿ ಒಣಗಿ, ಮೈ ಕಾದು, ಹಾಸಿಗೆ ಹಿಡಿಯಿತು. ಹುಡುಗ ಬದುಕಿದ. ಆದರೆ ಸಂಕವ್ವನಿಗೆ ಊಟ ಸೇರಲಿಲ್ಲ. ಅದೇ ಪುಸ್ತಕವನ್ನು ಅವಳು ಎಷ್ಟೋ ಸಲ ಓದಿದ್ದಳು. ಅವಳಿಗೆ ಆ ರಕ್ಕಸಿ ನಗು ತರಿಸುತ್ತಿದ್ದಳು. ಈ ಮಗು ಏನು ಕಂಡಿತು? ಅದನ್ನು ತಿಳಿಯದೆ ಇನ್ನೊಂದು ಪುಸ್ತಕ ಯಾರ ಕೈಗೂ ಕೊಡಬಾರದು ಎಂದುಕೊಂಡಳಂತೆ.

ಒಂದು ಮುಂಜಾನೆ ಕಸಮುಸುರೆ ಮುಗಿಸಿ, ಬಾಗಿಲ ಬೆಳಕಿಗೆ ಕೂತು, ಆ ಪುಸ್ತಕ ತೆರೆದಳು. ಒಂದೊಂದೇ ಅಕ್ಷರ ಕೂಡಿಸಿ, ಆರು ವರ್ಷದವರು ಓದುವಷ್ಟೇ ನಿಧಾನಕ್ಕೆ ಓದಿದಳು. ಓದುತ್ತಾ ಓದುತ್ತಾ ಅವಳ ಕೈ ಚಿಕ್ಕದಾಯಿತಂತೆ. ಒಲೆಗೆ ಕೆಂಡ ಕೇಳಲು ಬಂದ ನೆರೆಮನೆಯವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಸಂಕವ್ವನ ಸೀರೆಯ ರಾಶಿಯೊಳಗೆ ಒಂದು ಪುಟ್ಟ ಹುಡುಗಿ ಕೂತಿತ್ತು. ಹೆದರಿದ ಕಣ್ಣು ಹಿತ್ತಲ ಬಾವಿಯ ಕಡೆಗಿತ್ತು. ಪುಸ್ತಕ ಮುಚ್ಚಿದ ಕೂಡಲೇ ಅದೇ ಸೀರೆಯಲ್ಲಿ ಅದೇ ಸಂಕವ್ವ. ನೆರೆಯವಳು ಕೆಂಡ ಮರೆತು ಓಡಿದಳಂತೆ.

ಅಂದಿನಿಂದ ಸಂಕವ್ವ ಯಾವ ಪುಸ್ತಕವನ್ನೂ ವಯಸ್ಸಿಗಿಳಿಯದೆ ಕೊಡಲಿಲ್ಲ. ಐದರ ಮಗುವಿಗೆ ಬೇಕೆಂದರೆ ಐದಕ್ಕಿಳಿದು ಓದುವಳು. ಎಂಟರದಕ್ಕೆ ಎಂಟಕ್ಕೆ. ಓಣಿಯ ಹೆಂಗಸರು ಮೊದಲು ಹೆದರಿದರು, ಆಮೇಲೆ ಕೈಮುಗಿದರು, ಆಮೇಲೆ ಅದು ರೂಢಿಯಾಗಿ, ಅವಳು ಚಿಕ್ಕವಳಾಗಿ ಕೂತಿದ್ದಾಗ ಕೈಗೊಂದು ಬೆಲ್ಲದ ಚೂರು ಕೊಟ್ಟು ಹೋಗುತ್ತಿದ್ದರಂತೆ.

ಅವಳು ಕೊಟ್ಟ ಪುಸ್ತಕ ಹುಸಿಹೋಗುತ್ತಿರಲಿಲ್ಲ ಎನ್ನುತ್ತಾರೆ. ತೀರ ಚಿಕ್ಕವರಿಗೆ ಒಂದೇ ಸಾಲು ಮತ್ತೆ ಮತ್ತೆ ಬರುವ ಕತೆ ಕೊಡುವಳು. ಮುಂದೇನು ಬರುತ್ತದೆಂದು ಗೊತ್ತಿರುವುದೇ ಆ ವಯಸ್ಸಿನ ಸುಖ, ಅದು ಐದಕ್ಕಿಳಿದಾಗ ತನಗೂ ತಿಳಿಯಿತು ಎನ್ನುತ್ತಿದ್ದಳಂತೆ. ಒಂಬತ್ತಾದವರಿಗೆ ಒಮ್ಮೆ ಕೂತರೆ ಮುಗಿಯದ ದಪ್ಪ ಪುಸ್ತಕ. ಊರು ಬಿಟ್ಟು, ಕಾಡು ದಾಟಿ, ಹಡಗು ಹತ್ತಿ ಹೋಗುವಂಥದು. ಹದಿಮೂರಾದ ಹುಡುಗ ಮನೆಯಲ್ಲಿ ಎಲ್ಲರ ಮೇಲೂ ಸಿಡುಕುತ್ತಿದ್ದರೆ, ದೊಡ್ಡವರೂ ತಪ್ಪು ಮಾಡುವ ಕತೆಯೊಂದನ್ನು ಅವನ ಮುಂದಿಟ್ಟು ಒಳಗೆ ಹೋಗಿಬಿಡುವಳು. ಪ್ರೀತಿಯ ಕತೆ ಬೇಕಾದ ವಯಸ್ಸಿನವರು ಕೇಳಲು ನಾಚುತ್ತಿದ್ದರು. ಅವರಿಗೆ ಕೇಳುವ ಕಷ್ಟ ಕೊಡುತ್ತಿರಲಿಲ್ಲ. ಬಟ್ಟೆಯಲ್ಲಿ ಸುತ್ತಿ ಕೊಟ್ಟು, ಬಟ್ಟೆ ಮಾತ್ರ ಬೇಗ ತಂದುಕೊಡು ಎನ್ನುವಳು.

ವಯಸ್ಸೊಂದನ್ನೇ ನೋಡಿದಳೆಂದಲ್ಲ. ಹನ್ನೆರಡು ತುಂಬಿದರೂ ತಡವರಿಸಿ ಓದುವ ಒಬ್ಬ ಹುಡುಗನಿದ್ದ. ಚಿಕ್ಕವರ ತೆಳು ಪುಸ್ತಕ ಕೊಟ್ಟರೆ ಓಣಿಯಲ್ಲಿ ತಲೆಯೆತ್ತಲಾರ. ಸಂಕವ್ವ ಅಂಥದ್ದೇ ಒಂದನ್ನು ಅವನ ಕೈಗಿಟ್ಟು, ಇದನ್ನು ನಿನ್ನ ತಂಗಿಗೆ ಓದಿ ಹೇಳು, ಅವಳಿಗೆ ಹಿಡಿಸಿತೋ ಇಲ್ಲವೋ ನನಗೆ ಬಂದು ತಿಳಿಸು ಎಂದಳಂತೆ. ಹುಡುಗ ತಂಗಿಗೆ ಓದುತ್ತಾ ಓದುತ್ತಾ ತಾನೇ ಓದುಗನಾದ.

ಆದರೆ ಒಂದು ವಯಸ್ಸಿಗೆ ಮಾತ್ರ ಸಂಕವ್ವ ಇಳಿಯುತ್ತಿರಲಿಲ್ಲ. ಅದು ಹನ್ನೊಂದು. ಹತ್ತರವರೆಗೆ ಕೊಡುವಳು, ಹನ್ನೆರಡಾದ ಮೇಲೆ ಕೊಡುವಳು. ಹನ್ನೊಂದರ ಮಕ್ಕಳು ಬಂದರೆ, ಹೋದ ವರ್ಷದ್ದನ್ನೇ ಇನ್ನೊಮ್ಮೆ ಓದಿ, ಮುಂದಿನ ಯುಗಾದಿಗೆ ಬನ್ನಿ ಎಂದು ಕಳಿಸುವಳು. ಏನೋ ಹರಕೆ ಇರಬೇಕೆಂದು ಊರವರು ಸುಮ್ಮನಿದ್ದರು.

ಹರಕೆಯಲ್ಲ. ಸಂಕವ್ವನಿಗೆ ಹನ್ನೊಂದಾಗಿದ್ದಾಗ ಅವಳ ತಾಯಿ ಸತ್ತಿದ್ದಳು. ಮಗಳಿಗೆ ತಡೆಯಲಾಗದೆಂದು ದೊಡ್ಡವರೆಲ್ಲ ಕೂಡಿ ಅವಳನ್ನು ಸೋದರತ್ತೆಯ ಊರಿಗೆ ಸಾಗಿಸಿದರು. ನಿಮ್ಮವ್ವ ತವರಿಗೆ ಹೋಗಿದ್ದಾಳೆ, ಬರುತ್ತಾಳೆ ಎಂದರು. ಹುಡುಗಿ ಆ ಊರಬಾಗಿಲ ಅಗಸೆಯಲ್ಲಿ ನಿಂತು ಬರುವ ಗಾಡಿಗಳನ್ನೆಲ್ಲ ನೋಡಿತು. ಬೇಸಿಗೆ ಕಳೆದು ಮಳೆ ಹಿಡಿಯುವತನಕ ನೋಡಿತು. ಕೊನೆಗೆ ಕುಂಟೆಬಿಲ್ಲೆಯ ಜಗಳದಲ್ಲಿ ಒಬ್ಬಳು ಹುಡುಗಿ ತಾಯಿ ಸತ್ತವಳೇ ಎಂದು ಬೈದಾಗ ಅವಳಿಗೆ ಗೊತ್ತಾಯಿತು. ಆ ಅಗಸೆಯಲ್ಲಿ ಮತ್ತೆ ಹೋಗಿ ನಿಲ್ಲುವ ಧೈರ್ಯ ಸಂಕವ್ವನಿಗೆ ತಲೆ ನರೆತರೂ ಬರಲಿಲ್ಲ.

ಹೀಗಿರುವಾಗ ಎದುರು ಮನೆಯ ನೇಕಾರ ರಾಚಪ್ಪನ ಹೆಂಡತಿ ತೀರಿಕೊಂಡಳು. ಅವರಿಗೆ ಒಬ್ಬಳೇ ಮಗಳು, ಶಾವಂತ್ರಿ. ಅವಳಿಗೆ ಆಗ ಸರಿಯಾಗಿ ಹನ್ನೊಂದು. ಶಿವನ ಮನೆಗೆ ಹೋದಳು, ಚುಕ್ಕಿಯಾದಳು, ಎಲ್ಲೋ ಇದ್ದು ನಿನ್ನನ್ನು ನೋಡುತ್ತಿದ್ದಾಳೆ ಎಂದು ಬಂದವರೆಲ್ಲ ಹೇಳಿದರು. ತಾಯಿ ನೇಯುತ್ತಿದ್ದ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತ ಹುಡುಗಿ ಮಾತು ಬಿಟ್ಟಳು. ಆಮೇಲೆ ಅನ್ನವನ್ನೂ ಬಿಡತೊಡಗಿದಳು. ನಗಿಸಿದರೆ ಸರಿಹೋದಾಳು ಎಂದು ಹಗಲುವೇಷದವರನ್ನು ಮನೆ ಮುಂದೆ ಕುಣಿಸಿದರಂತೆ. ಹುಡುಗಿ ತಲೆ ಎತ್ತಲಿಲ್ಲ.

ರಾಚಪ್ಪ ಸಂಕವ್ವನ ಬಾಗಿಲಿಗೆ ಬಂದ. ನಗಿಸುವಂಥದ್ದು ಒಂದು ಪುಸ್ತಕ ಕೊಡು ಯವ್ವಾ ಎಂದು ಕೇಳಿದ. ಸಂಕವ್ವ ಪೆಟ್ಟಿಗೆಯ ಕಡೆ ನೋಡಲಿಲ್ಲ.

“ಹನ್ನೊಂದಕ್ಕ ನನ್ನ ಹಂತೇಕ ಪುಸ್ತಕ ಇಲ್ಲಪಾ ರಾಚಪ್ಪ.”

“ಇರಲಿಕ್ಕಿಲ್ಲ ಯವ್ವಾ. ಆದರ ಆಕಿ ಹನ್ನೆರಡಕ್ಕ ಮುಟ್ಟತಾಳ ಅಂತ ನನಗ ಅನಸವಲ್ದು.”

ಅಷ್ಟು ಹೇಳಿ ಅವನು ಹೊರಟುಹೋದ. ಜೋರು ಮಾಡಲಿಲ್ಲ, ಬೇಡಲೂ ಇಲ್ಲ. ಅದಕ್ಕೇ ಆ ಮಾತು ಸಂಕವ್ವನ ಎದೆಯಲ್ಲಿ ಕೂತುಬಿಟ್ಟಿತಂತೆ.

ಪೆಟ್ಟಿಗೆಯ ತಳದಲ್ಲಿ ಒಂದು ಪುಸ್ತಕವಿತ್ತು. ಅದರಲ್ಲಿ ಒಬ್ಬಳು ಹುಡುಗಿ, ಒಂದು ಎಮ್ಮೆಗರು, ಒಬ್ಬಳು ತಾಯಿ. ನಡುವಿನಲ್ಲಿ ಒಂದು ಕಡೆ ತಾಯಿ ಸಾಯುತ್ತಾಳೆ. ಶಿವನ ಮನೆ, ಚುಕ್ಕಿ ಏನೂ ಇಲ್ಲ. ಸತ್ತಳು ಎಂದೇ ಬರೆದಿತ್ತು. ಆಮೇಲೆ ಹುಡುಗಿ ಕರುವನ್ನು ಸಾಕುತ್ತಾಳೆ, ಅಷ್ಟೇ ಕತೆ. ಓಣಿಯ ತಾಯಂದಿರೆಲ್ಲ ಅದನ್ನು ನಮ್ಮ ಮಕ್ಕಳಿಗೆ ಕೊಡಬೇಡ ಎಂದಿದ್ದರು. ಸಂಕವ್ವನೂ ಕೊಟ್ಟಿರಲಿಲ್ಲ.

ಮರುದಿನ ಉರಿಬಿಸಿಲಲ್ಲಿ ಸಂಕವ್ವ ಆ ಪುಸ್ತಕ ಹಿಡಿದು ಹೊರಗಿನ ಕಟ್ಟೆಯ ಮೇಲೆ ಬಂದು ಕೂತಳು. ಒಳಗೆ ಕೂತು ಓದಲು ಹೆದರಿದಳೆನ್ನುತ್ತಾರೆ. ಒಂದು ಪುಟ ತಿರುವಿದಳು, ಬೆನ್ನು ನೆಟ್ಟಗಾಯಿತು. ಇನ್ನೊಂದು ತಿರುವಿದಳು, ನರೆಗೂದಲು ಕಪ್ಪಾಗಿ ಎರಡು ಜಡೆಯಾಗಿ ಇಳಿಯಿತು. ಅವಳು ಎಂದೂ ಇಳಿಯದ ವಯಸ್ಸಿಗೆ ಇಳಿಯುವುದನ್ನು ಕಂಡವರು ಲಾಳಿ ಕೈಬಿಟ್ಟರು. ಒಂದು ಮಗ್ಗ ನಿಂತಿತು, ಪಕ್ಕದ್ದು ನಿಂತಿತು, ನೋಡನೋಡುತ್ತ ನೂಲಗೇರಿಯ ಅಷ್ಟೂ ಮಗ್ಗ ನಿಂತವು. ಆ ಊರು ಹುಟ್ಟಿದಂದಿನಿಂದ ಹಗಲಲ್ಲಿ ಅಂಥ ಮೌನ ಆಗಿರಲಿಲ್ಲವಂತೆ.

ಕಟ್ಟೆಯ ಮೇಲಿನ ಹುಡುಗಿ ತಾಯಿ ಸಾಯುವ ಪುಟಕ್ಕೆ ಬಂದಳು. ಆ ಸಾಲಿನ ಮೇಲೆ ಬೆರಳಿಟ್ಟಳು. ಬೆರಳು ಮುಂದೆ ಹೋಗಲಿಲ್ಲ. ಕಣ್ಣು ಪುಸ್ತಕ ಬಿಟ್ಟು ಊರಬಾಗಿಲ ದಾರಿಯ ಕಡೆ ತಿರುಗಿತು. ಅಲ್ಲಿ ಗಾಡಿಯೊಂದೂ ಇರಲಿಲ್ಲ. ಆದರೂ ನೋಡಿದಳು, ನೋಡುತ್ತಲೇ ಇದ್ದಳು. ಪುಸ್ತಕ ಮುಂದೆ ಓದಲಾರಳು, ಮುಚ್ಚಲಾರಳು. ಮುಚ್ಚದೆ ಅವಳು ಸಂಕವ್ವನಾಗಿ ತಿರುಗಿ ಬರುವಂತಿಲ್ಲ. ಹೆಂಗಸರು ಸಂಕವ್ವಾ ಎಂದು ಕೂಗಿದರು, ಇನ್ನೂ ಅವ್ವ ಎನಿಸಿಕೊಳ್ಳದ ಆ ಹುಡುಗಿಗೆ ಅದು ತನ್ನ ಹೆಸರೆಂದೇ ತಿಳಿಯಲಿಲ್ಲ. ನೆರಳು ಕಟ್ಟೆ ಇಳಿದು ಓಣಿ ದಾಟಿತು. ಸಂಕವ್ವ ಅಲ್ಲೇ ಉಳಿದುಬಿಟ್ಟಳು ಎಂದು ಮುದುಕಿಯೊಬ್ಬಳು ಸೆರಗು ಬಾಯಿಗಿಟ್ಟುಕೊಂಡು ಅತ್ತಳಂತೆ.

ಎದುರು ಮನೆಯಲ್ಲಿ, ಮಗ್ಗದ ಕುಣಿಯಲ್ಲಿ ಕೂತಿದ್ದ ಶಾವಂತ್ರಿಗೆ ಆ ಮೌನ ಕೇಳಿಸಿತು. ತಾಯಿ ಸತ್ತ ದಿನವೂ ಅಕ್ಕಪಕ್ಕದ ಮಗ್ಗಗಳು ಹೀಗೇ ನಿಂತಿದ್ದವು. ಅವಳು ಎದ್ದು ಹೊರಗೆ ಬಂದಳು. ಜನ ದಾರಿ ಬಿಟ್ಟರು. ಕಟ್ಟೆಯ ಮೇಲೆ ತನ್ನಷ್ಟೇ ಎತ್ತರದ ಒಬ್ಬಳು ಹುಡುಗಿ, ಗಲ್ಲದ ಮೇಲೆ ಇಳಿದ ಕಣ್ಣೀರನ್ನು ಒರೆಸಿಕೊಳ್ಳದೆ, ದಾರಿ ನೋಡುತ್ತಾ ಕೂತಿದ್ದಳು. ಶಾವಂತ್ರಿ ಅವಳ ಪಕ್ಕ ಕೂತಳು. ಸ್ವಲ್ಪ ಹೊತ್ತು ತಾನೂ ಆ ದಾರಿ ನೋಡಿದಳು.

“ಯಾಕ ಅಳಾಕತ್ತಿ?” ಎಂದಳು.

ಎಷ್ಟೋ ದಿನದ ಮೇಲೆ ಅವಳ ಬಾಯಿಂದ ಬಂದ ಮಾತು.

“ನಮ್ಮವ್ವ ಸತ್ತಾಳ,” ಎಂದಳು ಆ ಹುಡುಗಿ. “ನನಗ ಯಾರೂ ಹೇಳಲೇ ಇಲ್ಲ.”

“ನಮ್ಮವ್ವನೂ ಸತ್ತಾಳ,” ಎಂದಳು ಶಾವಂತ್ರಿ.

ಹಾಗೆ ಹೇಳಿದ ಮೇಲೆ ಅವಳಿಗೆ ಅಳು ಬಂತು. ಇಬ್ಬರೂ ಅತ್ತರು. ದೊಡ್ಡವರಾರೂ ಹತ್ತಿರ ಹೋಗಲಿಲ್ಲ. ಹೋಗುವ ಧೈರ್ಯ ಯಾರಿಗಿತ್ತು? ಅಳು ಸಣ್ಣಗಾದ ಮೇಲೆ ಶಾವಂತ್ರಿ ಪುಸ್ತಕ ಇಣುಕಿ ನೋಡಿ, ಮುಂದೇನಾಯಿತು ಎಂದು ಕೇಳಿದಳು. ಗೊತ್ತಿಲ್ಲ, ನಾನು ಇಲ್ಲಿಂದ ಮುಂದೆ ಹೋಗಿಲ್ಲ ಎಂದಳು ಇನ್ನೊಬ್ಬಳು. ಶಾವಂತ್ರಿ ಅವಳ ಬೆರಳನ್ನು ಆ ಸಾಲಿನಿಂದ ಮೆಲ್ಲಗೆ ಎತ್ತಿ, ಪುಟ ತಿರುವಿದಳು. ಒಬ್ಬಳು ಒಂದು ಪುಟ, ಇನ್ನೊಬ್ಬಳು ಒಂದು ಪುಟ, ಹಾಗೆ ಓದಿದರು. ಎಮ್ಮೆಗರು ಹಾಲಿಗೆ ಹಟ ಮಾಡುವ ಕಡೆ ಶಾವಂತ್ರಿ ನಕ್ಕಳಂತೆ. ಹೊತ್ತು ಇಳಿಯುವಾಗ ಕತೆ ಮುಗಿಯಿತು. ಪುಸ್ತಕ ಮುಚ್ಚಿ ತಿರುಗಿ ನೋಡಿದರೆ, ಪಕ್ಕದಲ್ಲಿ ನರೆಗೂದಲ ಸಂಕವ್ವ ಕೂತಿದ್ದಳು. ಶಾವಂತ್ರಿಗೆ ಅಚ್ಚರಿಯಾಗಲಿಲ್ಲ. ಹಸಿವಾಗಿದೆ ಎಂದಳು. ಸಂಕವ್ವ ಅವಳನ್ನು ಒಳಗೆ ಕರೆದೊಯ್ದು ರೊಟ್ಟಿ ಬಡಿದಳು.

ಅಂಥ ಅಳುವ ಕತೆಯನ್ನು ಎಳೆಯ ಹುಡುಗಿಗೆ ಓದಿಸಬಹುದಿತ್ತೇ ಎಂದು ಆಮೇಲೆ ಯಾರೋ ಕೇಳಿದರು. ಸಂಕವ್ವ ಹೇಳಿದಳಂತೆ, “ಅಳು ಆಕಿ ಒಳಗ ಮೊದಲ ಇತ್ತಲ್ಲವಾ. ಒಬ್ಬಾಕಿನ ಅಳತಿದ್ಲು, ಈಗ ಕೂಡಿ ಅತ್ತವಿ.”

ಅಲ್ಲಿಂದ ಹನ್ನೊಂದರ ಮಕ್ಕಳಿಗೂ ಆ ಮನೆಯಲ್ಲಿ ಪುಸ್ತಕ ಸಿಕ್ಕಿತು. ಹನ್ನೊಂದಕ್ಕೆ ಇಳಿಯುವಾಗ ಮಾತ್ರ ಶಾವಂತ್ರಿ ಪಕ್ಕದಲ್ಲಿರಬೇಕು. ಅವಳು ಹದಿನಾರರವಳಾದರೂ, ಮದುವೆಯಾಗಿ ಅದೇ ಓಣಿಯಲ್ಲಿ ಮನೆ ಹೂಡಿದರೂ, ಬಂದು ಕೂರುತ್ತಿದ್ದಳಂತೆ. ಸಂಕವ್ವನ ಸಾವಿನ ಬಗ್ಗೆ ಊರಲ್ಲಿ ಎರಡು ಮಾತಿದೆ. ಕೆಲವರು ಮುದುಕಿಯಾಗಿ ಹಾಸಿಗೆಯಲ್ಲಿ ಸತ್ತಳು ಎನ್ನುತ್ತಾರೆ. ಕೆಲವರು ಯಾವುದೋ ಮಗುವಿಗೆಂದು ಐದಕ್ಕಿಳಿದು, ಒಂದೇ ಸಾಲು ಮತ್ತೆ ಮತ್ತೆ ಬರುವ ಕತೆ ಓದುತ್ತಾ, ಮುಂದೇನು ಬರುತ್ತದೆಂದು ಗೊತ್ತಿದ್ದೂ ನಗುತ್ತಾ, ಹಾಗೇ ಹೋದಳು ಎನ್ನುತ್ತಾರೆ. ನನಗೆ ಹೇಳಿದವರು ಎರಡನೆಯದನ್ನು ನಂಬಿದ್ದರು. ನಾನೂ ನಂಬಿದ್ದೇನೆ.

ನೂಲಗೇರಿಯಲ್ಲಿ ಈಗಲೂ ಶ್ರಾವಣದ ಒಂದು ಮಧ್ಯಾಹ್ನ ಮಗ್ಗ ನಿಲ್ಲಿಸುತ್ತಾರೆ. ದೊಡ್ಡವರು, ತಮ್ಮ ಮನೆಯ ಮಗುವಿಗೆ ಕೊಡಬೇಕೆಂದಿರುವ ಪುಸ್ತಕವನ್ನು ಹಿಡಿದು ಕಟ್ಟೆಗಳ ಮೇಲೆ ಬಂದು ಕೂರುತ್ತಾರೆ. ಓದುತ್ತಾರೆ. ಮೀಸೆ ಹೊತ್ತ ಗಂಡಸರು ಗುಬ್ಬಿಯ ಕತೆಗೆ ಕಣ್ಣೊರೆಸಿಕೊಂಡರೆ ಆ ದಿನ ಯಾರೂ ನಗುವುದಿಲ್ಲ. ಮಗುವಿನ ವಯಸ್ಸಿಗೆ ಇಳಿದವರು ಯಾರಾದರೂ ಇದ್ದಾರೋ, ನಾನು ಕಂಡಿಲ್ಲ. ಆದರೆ ಆ ಊರಿನ ಮಕ್ಕಳ ರೀತಿಯೊಂದನ್ನು ಕಣ್ಣಾರೆ ಕಂಡಿದ್ದೇನೆ. ಹೊರಗಿನಿಂದ ಬಂದ ನೆಂಟರು ಪ್ರೀತಿಯಿಂದ ಹೊಸ ಪುಸ್ತಕ ಕೊಟ್ಟರೆ ಅವು ಎರಡೂ ಕೈ ಚಾಚಿ ಇಸಿದುಕೊಳ್ಳುತ್ತವೆ, ಹಣೆಗೆ ಒತ್ತಿಕೊಳ್ಳುತ್ತವೆ, ಆಮೇಲೆ ಅದನ್ನು ಕೊಟ್ಟವರ ಕೈಗೇ ತಿರುಗಿ ಇಟ್ಟು ಹೇಳುತ್ತವೆ:

“ಮೊದಲ ನೀವು ಓದ್ರಿ.”