ತೊಳೆಯುವ ಮೊದಲಿನ ಚಿತ್ರ

"ಗಿರಾಕಿ ಹೆಚ್ಚಾಗಬೇಕಾದರೆ ಏನು ಮಾಡಬೇಕು ಬುದ್ಧಿ?"

ಪಾಲಾಕ್ಷ ಹೀಗೆ ಕೇಳಿದಾಗ ಮಠದ ಜಗಲಿಯಲ್ಲಿ ಸ್ವಾಮಿಗಳ ಮುಂದೆ ಅವನೊಬ್ಬನೇ ಕೂತಿದ್ದ. ಅವನಿಗಿಂತ ಮೊದಲು ಬಂದಿದ್ದ ಇಬ್ಬರಲ್ಲಿ ಒಬ್ಬರು ವರ್ಗಾವಣೆ ಕೇಳಿದ್ದರು, ಇನ್ನೊಬ್ಬರು ಬೋರ್‌ವೆಲ್ ಕೊರೆಸಲು ಒಳ್ಳೆಯ ದಿನ ಕೇಳಿದ್ದರು. ಮೋಕ್ಷವನ್ನು ಆ ವಾರ ಯಾರೂ ಕೇಳಿರಲಿಲ್ಲ. ಹಾಗಾಗಿ ಪಾಲಾಕ್ಷನ ಪ್ರಶ್ನೆ ಅಲ್ಲಿ ಸಣ್ಣದೆನಿಸುವಂತಿರಲಿಲ್ಲ.

ಅವನದು ಮನೆಬಾಗಿಲಿಗೇ ಹೋಗಿ ಕಾರು ತೊಳೆಯುವ ಕಸುಬು. ಹಳೆಯ ಗೂಡ್ಸ್ ವ್ಯಾನೊಂದರಲ್ಲಿ ನೀರಿನ ಟ್ಯಾಂಕು, ಪಂಪು, ಕಸ ಎಳೆಯುವ ಯಂತ್ರ, ಹಬೆಯ ಯಂತ್ರ. ಹೊರಗೆ ತೊಳೆದು ಪಾಲಿಶ್ ಹಾಕುವುದು, ಒಳಗೆ ಸೀಟು, ಮ್ಯಾಟು, ಸಂದುಗೊಂದು ಎಲ್ಲವನ್ನೂ ಚೊಕ್ಕಟ ಮಾಡುವುದು. ಶುರುಮಾಡಿ ಎರಡು ವರ್ಷವಾಗಿತ್ತು. ತೊಳೆಸಿಕೊಂಡವರೆಲ್ಲ ಹೊಗಳಿದರು, ಹೊಗಳಿದವರು ಮತ್ತೆ ಕರೆಯಲು ಆರು ತಿಂಗಳು ತೆಗೆದುಕೊಂಡರು. ಕರಪತ್ರ ಮಾಡಿಸಿ, ನಿಂತ ಕಾರುಗಳ ವೈಪರಿನ ಕೆಳಗೆ ಸಿಕ್ಕಿಸಿದ. ಮಳೆ ಬಂದು ಕಾಗದ ಗಾಜಿಗೆ ಅಂಟಿಕೊಂಡಿತು; ಅದನ್ನು ಕೆರೆದು ತೆಗೆಯಲು ಅವನನ್ನೇ ಬಿಟ್ಟಿ ಕರೆಸಿದರು. ವ್ಯಾನಿನ ಮೂತಿ ಯಾವ ಕಡೆಗೆ ನಿಲ್ಲಬೇಕೆಂದು ವಾಸ್ತುವಿನವನು ಹೇಳಿದ್ದನ್ನೂ ಮಾಡಿ ನೋಡಿದ. ದಿಕ್ಕು ಬದಲಾಯಿತು, ಅಷ್ಟೆ.

ಇನ್ನೆರಡು ತಿಂಗಳು ಹೀಗೇ ಹೋದರೆ ವ್ಯಾನು ಮಾರಿ, ಮೊದಲಿದ್ದ ಶೋರೂಮಿಗೇ ಮರಳಬೇಕು. ಅಲ್ಲಿ ಕಾರು ತೊಳೆಯುವ ಕಟ್ಟೆಯ ಮೇಲೆ ಗಂಬೂಟು ಹಾಕಿಕೊಂಡು ಒಂಬತ್ತು ವರ್ಷ ನಿಂತಿದ್ದ. ಆ ಒಂಬತ್ತು ವರ್ಷದಲ್ಲಿ ಅಲ್ಲಿನ ಸೂಪರ್‌ವೈಸರ್ ಅವನನ್ನು ಒಮ್ಮೆಯೂ ಹೆಸರು ಹಿಡಿದು ಕರೆದಿರಲಿಲ್ಲ. ಶಿಳ್ಳೆ ಹಾಕುತ್ತಿದ್ದ.

ಆ ಬೆಳಿಗ್ಗೆ ಪಾಲಾಕ್ಷ ಇನ್ನೊಂದು ಕೆಲಸ ಮಾಡಿ ಬಂದಿದ್ದ. ಅದನ್ನು ಸ್ವಾಮಿಗಳಿಗೆ ಹೇಳಲಿಲ್ಲ. ಬಡಾವಣೆಯವರ ವಾಟ್ಸ್ಯಾಪ್ ಗುಂಪಿನಲ್ಲಿ ಎರಡು ಚಿತ್ರಗಳನ್ನು ಅಕ್ಕಪಕ್ಕ ಹಾಕಿದ್ದ. ಹಿಂದಿನ ದಿನ ತೊಳೆದ ಒಂದು ಕಾರಿನ ಹಿಂಬದಿಯ ಸೀಟು. ಮೊದಲನೆಯ ಚಿತ್ರದಲ್ಲಿ ಸೀಟಿನ ತುಂಬ ಕೂದಲು. ಎರಡನೆಯದರಲ್ಲಿ ಒಂದೂ ಇಲ್ಲ. ಕೆಳಗೆ "ನಾಯಿ ಕೂದಲೂ ಮಾಯ" ಎಂದು ಬರೆದು ತನ್ನ ನಂಬರು ಕೊಟ್ಟಿದ್ದ. ದೊಡ್ಡ ಊರುಗಳಲ್ಲಿ ಈ ಕಸುಬಿನವರೆಲ್ಲ ಹೀಗೇ ಮಾಡುವುದನ್ನು ಅವನು ಫೋನಿನಲ್ಲಿ ನೋಡಿದ್ದ. ಈಗ ಅದೇ ಫೋನು ಸದ್ದಡಗಿಸಿಕೊಂಡು ಅವನ ಅಂಗಿಯ ಜೇಬಿನಲ್ಲಿತ್ತು. ಇನ್ನೂ ಒಮ್ಮೆಯೂ ಅದುರಿರಲಿಲ್ಲ.

ಸ್ವಾಮಿಗಳು ಅವನ ಕೈಗಳನ್ನು ನೋಡಿದರು. ಆಮೇಲೆ, ಒಬ್ಬ ಕಾರು ತೊಳೆಯುವವನಿದ್ದ, ಎಂದು ಕತೆ ಶುರುಮಾಡಿದರು. ಪಾಲಾಕ್ಷನಿಗೆ ಆಶ್ಚರ್ಯವಾಗಲಿಲ್ಲ. ಹೋದ ವಾರ ಪಂಚಾಯಿತಿಯ ಪಿಡಿಒ ಬಂದಾಗ ಹೇಳಿದ ಕತೆಯಲ್ಲಿ ಒಬ್ಬ ಪಿಡಿಒ ಇದ್ದ. ಸ್ವಾಮಿಗಳ ಕತೆಗಳು ಬಂದವರ ಅಳತೆ ತೆಗೆದುಕೊಂಡೇ ಹೊಲಿದಂತಿರುತ್ತಿದ್ದವು.

ಆ ಕಾರು ತೊಳೆಯುವವನಿಗೂ ಗಿರಾಕಿ ಕಡಿಮೆ. ಖಾಯಂ ಎನ್ನುವಂಥವರು ಒಬ್ಬರೇ, ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯಿನಿ. ಆ ಬಡಾವಣೆಯ ಅರ್ಧಕ್ಕರ್ಧ ಜನ ಚಿಕ್ಕವರಿದ್ದಾಗ ಅವರ ಮುಂದೆ ಕೈ ಚಾಚಿ ನಿಂತವರೇ. ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಅವರು ಸಾಲಿನುದ್ದಕ್ಕೂ ಉಗುರು ನೋಡಿಕೊಂಡು ಬರುತ್ತಿದ್ದರು. ಕೊಳೆಯಿದ್ದರೆ ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ನಲ್ಲಿಯ ಕಡೆಗೆ ಬೆರಳು ತೋರಿಸುತ್ತಿದ್ದರು. ಕಾರು ತೊಳೆಯುವವನೂ ಆ ಸಾಲಿನಲ್ಲಿ ನಿಂತು, ನಲ್ಲಿಯವರೆಗೆ ನಡೆದು ಹೋದವನು. ದೊಡ್ಡವನಾಗಿ, ಮೊದಲ ದಿನ ಅವರ ಕಾರಿನ ಬೀಗದ ಕೈಗಾಗಿ ಕೈ ಚಾಚಿದಾಗ, ಅವರು ಹಳೆಯ ಅಭ್ಯಾಸದಂತೆ ಮೊದಲು ಉಗುರು ನೋಡಿದರು.

"ಕಪ್ಪಾಗಿವೆಯಲ್ಲೋ."

"ನಿಮ್ಮ ಕಾರು ಬೆಳ್ಳಗಾಗಬೇಕಲ್ಲ ಮಿಸ್."

ಅವರು ನಕ್ಕರು. ಈ ಕೊಳೆಗೆ ನಲ್ಲಿ ತೋರಿಸುವುದಿಲ್ಲ ಎಂದು ಬೀಗದ ಕೈ ಕೊಟ್ಟರು.

ತಿಂಗಳಿಗೆ ಎರಡು ಸಲ ಕರೆಸುತ್ತಿದ್ದರು. ಹೊರಗೆ ಹೇಗಿದ್ದರೂ ಸರಿ, ಒಳಗೆ ಮಾತ್ರ ನೋಡು ಎನ್ನುತ್ತಿದ್ದರು. ಒಂದು ಆಪರೇಷನ್ ಆದ ಮೇಲೆ ಅವರಿಗೆ ಮೂತ್ರ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಹಾಗೆಂದು ಮನೆಯಲ್ಲಿ ಕೂತವರಲ್ಲ. ಪ್ರತಿ ಶನಿವಾರ ಬೆಳಿಗ್ಗೆ ತಾವೇ ಕಾರು ಓಡಿಸಿಕೊಂಡು ದೂರದ ಹಳ್ಳಿಯೊಂದರ ಶಾಲೆಗೆ ಹೋಗಿ, ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ಬರುತ್ತಿದ್ದರು. ದಾರಿ ಉದ್ದ. ಕೆಲವು ಸಲ ಸೀಟು ಒದ್ದೆಯಾಗುತ್ತಿತ್ತು. ಪೇಟೆಯ ವಾಶಿಂಗ್ ಸೆಂಟರಿಗೆ ಒಯ್ದರೆ ಬಾಗಿಲು ತೆರೆದಿಟ್ಟು ನಾಲ್ಕು ಜನ ನಿಂತು ನೋಡುತ್ತಾರೆ. ಇವನಾದರೆ ಕಾಂಪೌಂಡಿನ ಒಳಗೇ ಬರುತ್ತಾನೆ, ಗೇಟು ಹಾಕಿಕೊಂಡು ತೊಳೆಯುತ್ತಾನೆ. ಅವರು ಏನೆಂದು ಹೇಳಲಿಲ್ಲ, ಇವನು ಏನೆಂದು ಕೇಳಲಿಲ್ಲ. ಅವನು ಮಾರುತ್ತಿದ್ದುದು ಆ ಮುಚ್ಚಿದ ಗೇಟನ್ನು. ಅದು ಅವನಿಗೆ ತಿಳಿದಿರಲಿಲ್ಲ. ಶಾಂಪೂ ಮತ್ತು ಹಬೆ ಮಾರುತ್ತಿದ್ದೇನೆ ಎಂದುಕೊಂಡಿದ್ದ.

ಒಂದು ಸಲ ಅವರು ಹದಿನೈದು ದಿನ ಕಾಯಿಲೆ ಮಲಗಿದರು, ಕಲೆ ಹಳತಾಯಿತು. ಅವನು ಮೂರು ಗಂಟೆ ಆ ಸೀಟಿನೊಡನೆ ಗುದ್ದಾಡಿದ. ಅಡುಗೆ ಸೋಡಾ ಹಾಕಿದ, ಹಬೆ ಹಿಡಿದ, ಬ್ರಷ್ಷಿನಲ್ಲಿ ತಿಕ್ಕಿದ, ಒಣಗಿಸಿ ಮತ್ತೆ ತಿಕ್ಕಿದ. ಕೊನೆಗೆ ಸೀಟು ಅಂಗಡಿಯಿಂದ ಆಗತಾನೆ ತಂದಂತಾಯಿತು. ಅಷ್ಟು ಒಳ್ಳೆಯ ಕೆಲಸವನ್ನು ಅವನು ಅದುವರೆಗೆ ಮಾಡಿರಲಿಲ್ಲ, ಅದನ್ನು ನೋಡಲು ಅಲ್ಲಿ ಯಾರೂ ಇರಲಿಲ್ಲ. ಕೈಕೆಲಸದವನಿಗೆ ಇದು ತಡೆದುಕೊಳ್ಳಲಾಗದ ಸಂಕಟ. ಶುರುಮಾಡುವ ಮೊದಲು ಒಂದು ಚಿತ್ರ ತೆಗೆದಿಟ್ಟುಕೊಂಡಿದ್ದ, ಮುಗಿದ ಮೇಲೆ ಇನ್ನೊಂದು ತೆಗೆದ. ಎರಡನ್ನೂ ಬಡಾವಣೆಯ ಗುಂಪಿಗೆ ಹಾಕಿದ. ಹೆಸರು ಬರೆಯಲಿಲ್ಲ, ನಂಬರ್ ಪ್ಲೇಟು ತೋರಿಸಲಿಲ್ಲ. ಎಚ್ಚರಿಕೆಯವನೇ. ಸೀಟಿನ ಬೆನ್ನಿಗೆ ಕಟ್ಟಿದ್ದ ನೀಲಿ ಉಲ್ಲನ್ನಿನ ಹೆಣಿಗೆ ಮಾತ್ರ ಚಿತ್ರದಲ್ಲಿ ಹಾಗೇ ಉಳಿಯಿತು. ನಿವೃತ್ತಿಯಾದ ವರ್ಷ ಅವರು ಅಂಥವನ್ನು ಹೆಣೆದು ಹೆಣೆದು ಹಂಚಿದ್ದರು. ಆ ಬಡಾವಣೆಯ ಎಷ್ಟೋ ಮನೆಗಳಲ್ಲಿ ಟೀಪಾಯಿಯ ಮೇಲೆ ಅದೇ ನೀಲಿ ಹೆಣಿಗೆ ಹಾಸಿತ್ತು.

ಕತೆ ಇಲ್ಲಿಗೆ ಬಂದಾಗ ಪಾಲಾಕ್ಷನ ಜೇಬು ಒಮ್ಮೆ ಅದುರಿತು. ಅವನು ಎದೆಯ ಮೇಲೆ ಕೈಯಿಟ್ಟುಕೊಂಡ. ಸ್ವಾಮಿಗಳು ಅದನ್ನು ಭಕ್ತಿ ಎಂದುಕೊಂಡರೋ ಏನೋ, ಮುಂದುವರಿಸಿದರು.

ಗುಂಪಿನಲ್ಲಿ ಮೊದಲು ಮೆಚ್ಚಿಗೆಯ ಹೆಬ್ಬೆರಳುಗಳು ಬಂದವು. ಆಮೇಲೆ ಒಬ್ಬ, ಇದು ಕಾಫಿ ಕಲೆಯೇ ಎಂದು ಕೇಳಿದ. ಇನ್ನೊಬ್ಬ, ಕೂಸಿರುವ ಮನೆ ಇರಬೇಕು ಎಂದ. ಮೂರನೆಯವನಿಗೆ ನೀಲಿ ಹೆಣಿಗೆಯ ಗುರುತು ಹತ್ತಿತು. ಸೋಮವಾರ ನಮ್ಮ ಉಗುರು ನೋಡ್ತಿದ್ದೋರು ಶನಿವಾರ ತಮ್ಮ ಸೀಟು ನೋಡ್ಕೋಬಾರದಿತ್ತಾ ಎಂದು ಬರೆದ. ಇಪ್ಪತ್ತು ಜನ ನಗುವ ಮುಖ ಒತ್ತಿದರು. ಇಪ್ಪತ್ತರಲ್ಲಿ ಹೆಚ್ಚಿನವರು ಅವರಿಂದಲೇ ಮಗ್ಗಿ ಕಲಿತವರು. ಹಾಕಿದ್ದನ್ನು ಯಾರು ಯಾರು ನೋಡಿದ್ದಾರೆಂದು ಫೋನು ಹೇಳುತ್ತದೆ. ಆ ಪಟ್ಟಿಯಲ್ಲಿ ಮುಖ್ಯೋಪಾಧ್ಯಾಯಿನಿಯ ಹೆಸರೂ ಇತ್ತು.

ಸಂಜೆಯೊಳಗೆ ಹನ್ನೊಂದು ಜನ ಅವನಿಗೆ ಫೋನು ಮಾಡಿದರು.

ಹನ್ನೊಂದು ಎಂದು ಕೇಳಿದಾಗ ಪಾಲಾಕ್ಷನಿಗೆ ಕತೆ ಹಿಡಿಸಿತು. ಅವನ ಜೇಬು ಅಷ್ಟರಲ್ಲಿ ಇನ್ನೂ ಎರಡು ಸಲ ಅದುರಿತ್ತು.

ಆ ಸೀಟನ್ನೇ ಹಾಗೆ ಮಾಡಿದವನು ನಮ್ಮದನ್ನು ಮಾಡಲಾರನೇ ಎಂದು ಹನ್ನೊಂದು ಜನವೂ ಹೇಳಿದರು. ದಿನ ಗೊತ್ತುಮಾಡಿಕೊಂಡರು. ಫೋನು ಇಡುವ ಮೊದಲು ಹನ್ನೊಂದು ಜನವೂ ಒಂದೇ ಮಾತು ಸೇರಿಸಿದರು: ನಮ್ಮ ಕಾರಿನ ಫೋಟೋ ಮಾತ್ರ ಹಾಕಬೇಡಪ್ಪ. ಮೊದಲ ಹತ್ತು ಸಲ ಅವನು ಸರಿ, ಸರಿ ಎಂದ. ಹನ್ನೊಂದನೆಯ ಸಲ ಅವನಿಗೆ ತಾನು ಮಾಡಿದ್ದೇನೆಂದು ತಿಳಿಯಿತು.

ಚಿತ್ರಗಳನ್ನು ಅಳಿಸಿದ. ಅಳಿಸಲಾಗಿದೆ ಎಂಬ ಒಂದು ಸಾಲು ಅಲ್ಲಿ ಉಳಿಯಿತು. ಅದುವರೆಗೆ ನೋಡದವರು ಆ ಸಾಲು ಕಂಡು, ಏನಿತ್ತು ಎಂದು ನೋಡಿದವರನ್ನು ಕೇಳಿದರು. ನೋಡಿದವರು ಇಟ್ಟುಕೊಂಡಿದ್ದರು, ಕಳಿಸಿಕೊಟ್ಟರು.

ಹದಿನೈದು ದಿನ ಕಳೆದು, ಎಂದಿನಂತೆ ಅವರ ಮನೆಗೆ ಹೋದ. ಕಾರಿನ ಮೇಲೆ ಟಾರ್ಪಾಲು ಹೊದಿಸಿ, ನಾಲ್ಕು ಮೂಲೆಗೂ ಇಟ್ಟಿಗೆ ಇಟ್ಟಿತ್ತು. ಗೇಟಿನ ಹೊರಗೆ ನಿಂತು ಫೋನು ಮಾಡಿದ. ಬೇಡಪ್ಪ, ಕಾರು ಎಲ್ಲೂ ಹೋಗುತ್ತಿಲ್ಲ, ಕೊಳೆಯಾಗುವುದಿಲ್ಲ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಏನಾದರೂ ಹೇಳಲು ಬರುತ್ತಿತ್ತು. ಅತ್ತ ಹಳ್ಳಿಯ ಶಾಲೆಯಲ್ಲಿ ಮಕ್ಕಳು ಮೂರು ಶನಿವಾರ ಸ್ಲೇಟು ಹಿಡಿದು ಕಾದರು. ನಾಲ್ಕನೆಯ ಶನಿವಾರ ಕಬಡ್ಡಿ ಆಡಿದರು.

ತಪ್ಪಾಯಿತು ಎಂದು ಹೇಳಬೇಕೆಂದು ಅವನು ಎಷ್ಟೋ ದಿನ ಹೊರಟ. ತಪ್ಪಾಯಿತು ಎನ್ನಬೇಕಾದರೆ ಯಾವುದು ಎಂದು ಹೇಳಬೇಕು. ಹೇಳಿದರೆ ಅವರ ಮುಖದೆದುರಿಗೆ ಆ ಚಿತ್ರವನ್ನು ಮತ್ತೊಮ್ಮೆ ಹಿಡಿದಂತೆ. ಹೇಳದಿದ್ದರೆ ಹೇಳದಂತೆ. ಹೀಗೆ ಬೀದಿಯ ಮೂಲೆಯವರೆಗೆ ಹೋಗಿ ಹೋಗಿ ಮರಳಿದ. ಅವನಿಗೆ ಪುರುಸೊತ್ತೂ ಇರಲಿಲ್ಲ. ಹನ್ನೊಂದು ಇಪ್ಪತ್ತಾಯಿತು, ಇಪ್ಪತ್ತು ಅರವತ್ತಾಯಿತು. ಎರಡನೆಯ ವ್ಯಾನು ಬಂತು. ತೊಳೆಯಲು ಇಬ್ಬರು ಆಳುಗಳನ್ನು ಇಟ್ಟುಕೊಂಡ. ಗೇಟು ಹಾಕಿಕೊಂಡು ತೊಳೆಯಬೇಕು, ಒಳಗೆ ಫೋನು ಒಯ್ಯಬಾರದು ಎಂದು ಅವರಿಗೆ ಕಟ್ಟಪ್ಪಣೆ ಮಾಡಿದ. ಕಲಿತದ್ದು ಸುಳ್ಳಲ್ಲ, ಆದರೆ ಯಾರ ಮೇಲೆ ಕಲಿತನೋ ಅವರಿಗೆ ಅದರಿಂದ ಏನೂ ಆಗಲಿಲ್ಲ.

ವರ್ಷ ಕಳೆದ ಮೇಲೆ ಒಂದು ದಿನ ಗಟ್ಟಿ ಮನಸ್ಸು ಮಾಡಿ ಹೋದ. ಬಾಗಿಲು ಅವರೇ ತೆಗೆದರು. ಸಣ್ಣಗಾಗಿದ್ದರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ಬಿಟ್ಟು, ಸೋಮವಾರದ ಸಾಲಿನಲ್ಲಿ ನಿಂತವನ ಹಾಗೆ ಎರಡೂ ಕೈಗಳನ್ನು ಮುಂದೆ ಚಾಚಿದ. ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಒಂದೊಂದೇ ಬೆರಳು ನೋಡಿದರು. ಆಳುಗಳು ಬಂದ ಮೇಲೆ ಅವನು ತನ್ನ ಕೈಯಾರೆ ಕಾರು ತೊಳೆದು ಎಂಟು ತಿಂಗಳಾಗಿತ್ತು.

"ಚೊಕ್ಕಟವಾಗಿವೆ," ಎಂದರು. "ಇನ್ನು ಹೋಗು."

ಬಾಗಿಲು ಮೆಲ್ಲಗೆ ಮುಚ್ಚಿಕೊಂಡರು.

ಸ್ವಾಮಿಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಇದರ ನೀತಿ ಏನೆಂದು ಹೇಳುವ ಅಭ್ಯಾಸ ಅವರಿಗಿರಲಿಲ್ಲ.

ಪಾಲಾಕ್ಷನ ಜೇಬು ಈಗ ಬಿಡುವಿಲ್ಲದೆ ಅದುರುತ್ತಿತ್ತು. ಒಂದು ನಿಂತಿತು ಎನ್ನುವಷ್ಟರಲ್ಲಿ ಇನ್ನೊಂದು. ಅವನು ಲೆಕ್ಕ ಬಿಟ್ಟಿದ್ದ. ಅವನ ಕಣ್ಣ ಮುಂದೆ ಹಿಂದಿನ ದಿನ ಹೋಗಿದ್ದ ಮನೆ ಬಂದು ನಿಂತಿತ್ತು. ಕಾರಿನ ಯಜಮಾನ ತಾನೇ ಹೊರಗೆ ಬಂದು ಬೀಗದ ಕೈ ಕೊಟ್ಟಿದ್ದ. ಮೂರು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ಬರುವ ಕಾರು, ಒಂದು ಕೂದಲೂ ಉಳಿಯದ ಹಾಗೆ ತೆಗೆಯಪ್ಪ, ಮುಂದಿನ ಸಲ ಅವಳು ಹತ್ತುವಾಗ ಕಣ್ಣಿಗೆ ಬೀಳಬಾರದು ಎಂದಿದ್ದ. ಪಾಲಾಕ್ಷ ಯಂತ್ರಕ್ಕೆ ಪೈಪು ಸಿಕ್ಕಿಸುತ್ತ, ಸರಿ ಸಾರ್ ಎಂದಿದ್ದ. ಕಿಟಕಿಯಲ್ಲಿ ಒಬ್ಬ ಹೆಂಗಸು ನಿಂತಿದ್ದಳು, ತಲೆಗೆ ಹತ್ತಿಯ ಬಟ್ಟೆ ಕಟ್ಟಿಕೊಂಡಿದ್ದಳು. ಸೀಟಿನ ಮೇಲಿನ ಕೂದಲು ಮೊಳದುದ್ದ ಇತ್ತು. ಹಿಂಬದಿಯ ಗಾಜಿಗೆ ಹಳದಿ ಗಿಳಿಯ ಚಿತ್ರ ಅಂಟಿಸಿತ್ತು. ಅದು ಅವನು ಗುಂಪಿಗೆ ಹಾಕಿದ ಎರಡು ಚಿತ್ರಗಳಲ್ಲೂ ಬಂದಿತ್ತು, ಆ ಬೀದಿಯಲ್ಲಿ ಅದನ್ನು ಅರಿಯದವರಿರಲಿಲ್ಲ.

ಆ ಮನೆಯಲ್ಲಿ ನಾಯಿ ಇರಲಿಲ್ಲ.

"ಈಗ ಏನು ಮಾಡಲಿ ಬುದ್ಧಿ?" ಎಂದು ಕೇಳಿದ. ಈ ಸಲ ಅವನು ಗಿರಾಕಿಯ ಮಾತೆತ್ತಲಿಲ್ಲ. ಎದೆಯ ಮೇಲಿನ ಕೈಯನ್ನು ತೆಗೆಯಲೂ ಇಲ್ಲ. ಬೆರಳುಗಳ ಕೆಳಗೆ ಫೋನು ಅದುರುತ್ತಲೇ ಇತ್ತು.

ಸ್ವಾಮಿಗಳು ಆ ಕೈಯನ್ನೇ ನೋಡುತ್ತ ಹೇಳಿದರು:

"ತೆಗೆದು ನೋಡಪ್ಪ, ಗಿರಾಕಿ ಬಂದಿರಬೇಕು."