ಹೆಚ್ಚಾದ ಒಂದು ಮಿಲಿಮೀಟರ್

"ಗುರುಗಳೇ, ಹಿರಿಯರ ಮಾತನ್ನು ಹೊಸಬರಿಗೆ ಮುಟ್ಟಿಸುವವನು ಅದಕ್ಕೆ ತನ್ನದನ್ನು ಎಷ್ಟು ಸೇರಿಸಬಹುದು?" ಎಂದು ಶಿಷ್ಯ ಅಡಿವೆಯ್ಯ ಕೇಳಿದ.

ಅವನ ಮುಂದೆ ಕಾಗದದ ಕಟ್ಟೊಂದಿತ್ತು. ಗುರುಗಳು ಹತ್ತು ವರ್ಷ ಮಠದ ಜಗಲಿಯಲ್ಲಿ ಹೇಳಿದ ಮಾತುಗಳನ್ನು ಅವನು ಶಾಲೆಯ ಮಕ್ಕಳಿಗಾಗಿ ಪುಸ್ತಕ ಮಾಡಿದ್ದ. ಸೋಮವಾರ ಅದು ಅಚ್ಚಿಗೆ ಹೋಗಬೇಕಿತ್ತು. ಮಕ್ಕಳಿಗೆ ಇದು ಮುಟ್ಟುತ್ತದೆಯೋ ಇಲ್ಲವೋ ಎಂಬ ಚಿಂತೆಯಲ್ಲಿ ಅವನಿಗೆ ವಾರದಿಂದ ಊಟ ಸೇರಿರಲಿಲ್ಲ.

"ಇದರಲ್ಲಿ ನನ್ನ ಮಾತು ಎಷ್ಟು ಪುಟ?" ಎಂದು ಗುರುಗಳು ಕೇಳಿದರು.

"ಎಂಬತ್ತು."

"ಒಟ್ಟು?"

"ಮುನ್ನೂರ ಹತ್ತು."

ಗುರುಗಳು ಜೋರಾಗಿ ನಕ್ಕರು. "ನಾನೇ ಇಷ್ಟು ಮಾತಾಡಿದ್ದರೆ ಈ ಮಠದಲ್ಲಿ ನೊಣವೂ ಉಳಿಯುತ್ತಿರಲಿಲ್ಲ. ಇರಲಿ. ಹೋದ ವರ್ಷ ನನ್ನ ಫೋಟೋ ತೆಗೆಯಲು ಒಬ್ಬ ಬಂದಿದ್ದನಲ್ಲ, ಅವನು ಹೇಳಿದ ಸಂಗತಿಯೊಂದಿದೆ, ಕೇಳು."

ಅವರು ಹೇಳಿದ್ದು ಇದು.

ದಾವಣಗೆರೆಯ ಕಡೆ ಒಬ್ಬ ಛಾಯಾಗ್ರಾಹಕನಿದ್ದ. ಇಪ್ಪತ್ತು ವರ್ಷ ಫಿಲ್ಮ್ ಕ್ಯಾಮೆರಾದಲ್ಲಿ ಕೆಲಸ ಮಾಡಿದವನು. ಕಾಲ ಬದಲಾದಾಗ ಡಿಜಿಟಲ್ ಕ್ಯಾಮೆರಾ ಕೊಂಡ. ಹಳೆಯ ಕ್ಯಾಮೆರಾ ಕೆಟ್ಟುಹೋಯಿತು, ಅದರ ಲೆನ್ಸ್ ಮಾತ್ರ ಚೆನ್ನಾಗಿತ್ತು. ಅದನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದ.

ಅದೇ ಊರಿನಲ್ಲಿ ತೊಂಬತ್ತು ವರ್ಷದ ಒಬ್ಬ ಅಜ್ಜಿ ಇದ್ದಳು. ಮಕ್ಕಳು, ಸೊಸೆಯರು, ಮೊಮ್ಮಕ್ಕಳು, ಅಳಿಯಂದಿರು ಸೇರಿ ಅವಳ ಸಂಸಾರ ನಲವತ್ತೊಂದು ಜನ. ಎಲ್ಲರೂ ಒಟ್ಟಿಗೆ ಸೇರಿದ್ದು ಎಂದೂ ಇಲ್ಲ. ಒಬ್ಬರು ಬಂದರೆ ಇನ್ನೊಬ್ಬರು ಬರುತ್ತಿರಲಿಲ್ಲ. ಎಲ್ಲರೂ ಇರುವ ಒಂದು ಫೋಟೋ ಬೇಕು, ಅದು ಬಾಗಿಲಷ್ಟು ದೊಡ್ಡದಿರಬೇಕು, ಒಬ್ಬೊಬ್ಬರ ಮುಖದ ಮೇಲೂ ತಾನು ಬೆರಳಿಟ್ಟು ಹೆಸರು ಹೇಳಬೇಕು. ಅವಳಿಗಿದ್ದ ಆಸೆ ಇಷ್ಟೇ. ಬಹಳ ಪತ್ರ, ಬಹಳ ಫೋನು ಆದ ಮೇಲೆ ಒಂದು ಭಾನುವಾರ ನಿಗದಿಯಾಯಿತು. ಮಧ್ಯಾಹ್ನ ಒಂದು ಗಂಟೆಗೆ ಅರ್ಧ ಜನ ಬಸ್ಸು ಹತ್ತಿ ಹೊರಡುವವರು. ಇನ್ನೊಮ್ಮೆ ಸೇರುವುದು ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲ.

ಛಾಯಾಗ್ರಾಹಕ ಒಪ್ಪಿಕೊಂಡ. ನಾಲ್ಕು ದಿನ ಮುಂಚೆ ಅವನ ಡಿಜಿಟಲ್ ಕ್ಯಾಮೆರಾದ ಲೆನ್ಸ್ ಮೇಜಿನಿಂದ ಬಿದ್ದು ಒಡೆಯಿತು. ಹೊಸದು ಬರಲು ಹತ್ತು ದಿನ ಬೇಕು. ಆಗ ಅವನಿಗೆ ಬಟ್ಟೆಯಲ್ಲಿ ಸುತ್ತಿಟ್ಟ ಹಳೆಯ ಲೆನ್ಸ್ ನೆನಪಾಯಿತು.

ಹಳೆಯ ಲೆನ್ಸ್ ಹೊಸ ಕ್ಯಾಮೆರಾಕ್ಕೆ ನೇರವಾಗಿ ಕೂರುವುದಿಲ್ಲ. ನಡುವೆ ಗಿಡ್ಡ ಕೊಳವೆಯಂಥ ಒಂದು ರಿಂಗು ಬೇಕು. ಅದರ ಒಂದು ತುದಿಗೆ ಲೆನ್ಸ್ ತಿರುಪಿಕೊಳ್ಳುತ್ತದೆ, ಇನ್ನೊಂದು ತುದಿ ಕ್ಯಾಮೆರಾದ ಬಾಯಿಗೆ ಕೂರುತ್ತದೆ. ಅದರೊಳಗೆ ಗಾಜಿಲ್ಲ, ತಂತಿಯಿಲ್ಲ, ಏನೂ ಇಲ್ಲ. ಹಳೆಯ ಕ್ಯಾಮೆರಾದಲ್ಲಿ ಲೆನ್ಸು ಫಿಲ್ಮಿನಿಂದ ಎಷ್ಟು ದೂರದಲ್ಲಿತ್ತೋ ಹೊಸದರಲ್ಲೂ ಚಿತ್ರ ಹಿಡಿಯುವ ಜಾಗದಿಂದ ಅಷ್ಟೇ ದೂರದಲ್ಲಿ ಅದನ್ನು ನಿಲ್ಲಿಸುವುದು ರಿಂಗಿನ ಕೆಲಸ. ಅಂಗಡಿಯ ರಿಂಗೂ ದೂರದ ಊರಿನಿಂದಲೇ ಬರಬೇಕಿತ್ತು. ಆದ್ದರಿಂದ ಅವನು ಒಬ್ಬ ಟರ್ನರ್ ಹತ್ತಿರ ಹೋದ. ಲೇತ್ ಮೇಲೆ ಲೋಹ ಕಡೆಯುವುದರಲ್ಲಿ ಆ ಊರಿಗೇ ಹೆಸರಾದವನು. ಅವನು ಆ ಅಜ್ಜಿಯ ಮೊಮ್ಮಗಳ ಗಂಡನೂ ಹೌದು.

ಛಾಯಾಗ್ರಾಹಕ ಚೀಟಿಯಲ್ಲಿ ಬರೆದುಕೊಟ್ಟ: ರಿಂಗಿನ ಎತ್ತರ ಇಪ್ಪತ್ತೇಳೂವರೆ ಮಿಲಿಮೀಟರ್.

ಟರ್ನರ್ ಎರಡು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಶನಿವಾರ ರಿಂಗು ತಂದ. ಕನ್ನಡಿಯಂತೆ ಹೊಳೆಯುತ್ತಿತ್ತು. ಲೆನ್ಸಿನ ಕಡೆಯ ಅಂಚಿಗೆ ಸುತ್ತಲೂ ಗೆಜ್ಜೆಯಂತೆ ಸಣ್ಣ ಹಲ್ಲುಗಳನ್ನು ಕೊರೆದಿದ್ದ. ಛಾಯಾಗ್ರಾಹಕ ಲೆನ್ಸನ್ನು ಜೋಡಿಸಿ ಗುಂಡಿ ಒತ್ತಿದ. ಕ್ಯಾಮೆರಾ ಚಿತ್ರ ತೆಗೆಯಲಿಲ್ಲ. ಅದರ ಪರದೆಯ ಮೇಲೆ 'ಲೆನ್ಸ್ ಇಲ್ಲ' ಎಂದು ಬಂತು. ಹೊಸ ಕ್ಯಾಮೆರಾ ತನ್ನ ಜೊತೆ ವಿದ್ಯುತ್ ಸಂಕೇತದಲ್ಲಿ ಮಾತಾಡುವ ಲೆನ್ಸನ್ನು ಮಾತ್ರ ಗುರುತಿಸುತ್ತದೆ. ಹಳೆಯ ಲೆನ್ಸ್ ಮಾತಾಡುವುದಿಲ್ಲ.

"ಮೂಗಿನ ಮೇಲೆ ಕನ್ನಡಕ ಇಟ್ಕೊಂಡು ಮನೆಯೆಲ್ಲ ಹುಡುಕೋ ನಮ್ಮ ಮಾವನ ಹಾಗಿದೆ ನಿಮ್ಮ ಕ್ಯಾಮೆರಾ" ಎಂದ ಟರ್ನರ್.

ಲೆನ್ಸ್ ಇಲ್ಲದಿದ್ದರೂ ಚಿತ್ರ ತೆಗೆ ಎಂದು ಕ್ಯಾಮೆರಾಕ್ಕೆ ಅಪ್ಪಣೆ ಕೊಡುವ ಜಾಗವೊಂದು ಅದರೊಳಗೇ ಇರುತ್ತದೆ. ಛಾಯಾಗ್ರಾಹಕ ಅದನ್ನು ಹುಡುಕಿ ಬದಲಾಯಿಸಿದ. ಎರಡು ಹೆಜ್ಜೆ ದೂರದಲ್ಲಿ ಟರ್ನರ್‌ನನ್ನೇ ನಿಲ್ಲಿಸಿದ. ಲೆನ್ಸನ್ನು ಕೈಯಿಂದ ತಿರುಗಿಸಿ ಸ್ಪಷ್ಟ ಮಾಡಿಕೊಂಡು ಗುಂಡಿ ಒತ್ತಿದ. ಚಿತ್ರದಲ್ಲಿ ರೆಪ್ಪೆಯ ಕೂದಲನ್ನು ಎಣಿಸಬಹುದಿತ್ತು. ಇಬ್ಬರೂ ಚಹಾ ಕುಡಿದರು. ಸಂತೋಷದಲ್ಲಿ ದೂರದ ಚಿತ್ರವೊಂದನ್ನು ತೆಗೆದು ನೋಡಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಭಾನುವಾರ ಹತ್ತು ಗಂಟೆಗೆ ಮನೆಯ ಮುಂದಿನ ಬಯಲಿನಲ್ಲಿ ನಲವತ್ತೊಂದು ಜನ ನಾಲ್ಕು ಸಾಲಾಗಿ ನಿಂತರು. ಆ ಸಾಲು ಹೊಂದಿಸಲು ಒಂದು ಗಂಟೆ ಹಿಡಿಯಿತು. ದೊಡ್ಡ ಸೊಸೆ ಚಿಕ್ಕ ಸೊಸೆಯ ಹಿಂದೆ ನಿಲ್ಲಲು ಒಪ್ಪಲಿಲ್ಲ. ಎರಡನೆಯ ಮಗನಿಗೆ ಬೋಳುತಲೆ ಕಾಣಬಾರದಿತ್ತು. ಕೊನೆಗೆ ಅಜ್ಜಿ ಕೋಲು ತೋರಿಸಿ ಎಲ್ಲರನ್ನೂ ನಿಲ್ಲಿಸಿದಳು. ತಾನು ನಡುವೆ ಕುರ್ಚಿಯಲ್ಲಿ ಕುಳಿತಳು.

ಛಾಯಾಗ್ರಾಹಕ ಹಿಂದಕ್ಕೆ ನಡೆದ. ಇದೇ ಲೆನ್ಸಿನಲ್ಲಿ ಇಷ್ಟು ಜನರನ್ನು ತೆಗೆಯಲು ಫಿಲ್ಮಿನ ಕಾಲದಲ್ಲಿ ಹತ್ತು ಹೆಜ್ಜೆ ಸಾಕಾಗುತ್ತಿತ್ತು. ಹೊಸ ಕ್ಯಾಮೆರಾದಲ್ಲಿ ಚಿತ್ರ ಹಿಡಿಯುವ ಜಾಗ ಫಿಲ್ಮಿಗಿಂತ ಚಿಕ್ಕದು. ಹಾಗಾಗಿ ಹದಿನೈದು ಹೆಜ್ಜೆ ಬೇಕು. ಅವನು ಹದಿನೈದು ಹೆಜ್ಜೆ ಎಣಿಸಿ ನಿಂತು ಲೆನ್ಸನ್ನು ತಿರುಗಿಸಿದ. ಎಲ್ಲವೂ ಮಂಜು. ಕೊನೆಯವರೆಗೆ ತಿರುಗಿಸಿದ. ನಲವತ್ತೊಂದು ಮುಖಗಳು ನಲವತ್ತೊಂದು ಹಿಟ್ಟಿನ ಉಂಡೆಗಳಂತೆ ಕಂಡವು. ಬೆಳಕು ಬರುವ ಕಿಂಡಿಯನ್ನು ಕಿರಿದು ಮಾಡಿ ನೋಡಿದ. ಉಂಡೆಗಳಿಗೆ ಮೂಗು ಬಂತು, ಕಣ್ಣು ಬರಲಿಲ್ಲ.

"ಇನ್ನೂ ಎಷ್ಟೊತ್ತು ನಗ್ತಾ ನಿಲ್ಲೋದು ಸ್ಟುಡಿಯೋದವರೇ? ದವಡೆ ನೋವು ಬಂತು" ಎಂದ ಹಿರಿಯ ಮಗ.

ಛಾಯಾಗ್ರಾಹಕ ಲೆನ್ಸನ್ನು ಬಿಚ್ಚಿ ಒರೆಸಿದ. ಹಳೆಯ ಗಾಜು, ಕೆಟ್ಟಿರಬೇಕು ಎಂದುಕೊಂಡ. ಆಮೇಲೆ ತನ್ನ ಕಣ್ಣನ್ನೇ ಒರೆಸಿದ. ಯಾರೋ ಫೋನಿನಲ್ಲಿ ತೆಗೆಯೋಣ ಎಂದರು. ತೆಗೆದರು ಕೂಡ. ಬಾಗಿಲಷ್ಟು ದೊಡ್ಡದು ಮಾಡಿದರೆ ಆ ಮುಖಗಳು ರವೆಯಂತೆ ಚೆದುರಿಹೋಗುವುದು ಅವನಿಗೆ ಗೊತ್ತಿತ್ತು. ಅವನು ಹಾಗೆಂದು ಹೇಳಿದ.

ಅವನು ಮುಂದೆ ಬರುತ್ತಾ ಬರುತ್ತಾ ನೋಡಿದ. ಮೂರು ಹೆಜ್ಜೆ ದೂರಕ್ಕೆ ಬಂದಾಗ ಅಜ್ಜಿಯ ಮುಖ ಸ್ಪಷ್ಟವಾಗಿ ಕಂಡಿತು. ಒಂದು ಹೆಜ್ಜೆ ಹಿಂದಕ್ಕೆ ಸರಿದರೆ ಮಂಜು ಶುರುವಾಯಿತು. ಗಾಜು ಕೆಟ್ಟಿದ್ದರೆ ಹತ್ತಿರವೂ ಕೆಡಬೇಕಿತ್ತು. ಹತ್ತಿರದ್ದು ಕಾಣುತ್ತದೆ, ದೂರದ್ದು ಕಾಣುವುದಿಲ್ಲ ಎಂದರೆ ಲೆನ್ಸ್ ಇರಬೇಕಾದ ಜಾಗಕ್ಕಿಂತ ತುಸು ಮುಂದೆ ನಿಂತಿದೆ ಎಂದೇ ಅರ್ಥ.

"ಮೂರು ಹೆಜ್ಜೆಗೆ ಕಾಣತ್ತಲ್ಲ, ಹಾಗಾದ್ರೆ ನಾಲ್ಕು ನಾಲ್ಕು ಜನರನ್ನ ತೆಗೆದು ಆಮೇಲೆ ಜೋಡಿಸಿಬಿಡಿ" ಎಂದಳು ಚಿಕ್ಕ ಸೊಸೆ.

ಅಜ್ಜಿಗೆ ಸಿಟ್ಟು ಬಂತು. "ತುಂಡು ತುಂಡಾಗಿ ತೆಗೆಯೋದಾದ್ರೆ ನೀವೆಲ್ಲ ಯಾಕ್ರೇ ಬಂದ್ರಿ? ನಿಮ್ ನಿಮ್ಮ ಊರಿಂದ್ಲೇ ಕಳಿಸಬಹುದಿತ್ತು. ತುಂಡು ತುಂಡಾಗಿ ನಾನು ನಿಮ್ಮನ್ನ ನೋಡಿಲ್ವಾ ಇಷ್ಟು ವರ್ಷ?"

ಹನ್ನೊಂದೂವರೆ ಆಗಿತ್ತು. ಛಾಯಾಗ್ರಾಹಕ ಕೊನೆಯ ಸಾಲಿನ ತುದಿಯಲ್ಲಿದ್ದ ಟರ್ನರ್ ಹತ್ತಿರ ಹೋದ.

"ಏನ್ರೀ, ರಿಂಗಿನ ಎತ್ತರ ಎಷ್ಟು ಮಾಡಿದ್ರಿ?"

"ಇಪ್ಪತ್ತೆಂಟೂವರೆ."

"ನಾನು ಇಪ್ಪತ್ತೇಳೂವರೆ ಅಂತ ಬರೆದಿದ್ದೆ."

"ಬರೆದಿದ್ರಿ. ನಾನೇ ಒಂದು ಮಿಲಿಮೀಟರ್ ಜಾಸ್ತಿ ಬಿಟ್ಟೆ. ಗಟ್ಟಿ ಇರುತ್ತೆ, ಅಂಚಿಗೆ ಗೆಜ್ಜೆ ಕೊರೆಯೋದಕ್ಕೂ ಜಾಗ ಆಗುತ್ತೆ."

"ಯಾವಾಗಲೂ ಹೀಗೇ ಮಾಡ್ತೀರಾ?"

"ಛೆ! ಬೇರೆಯವರ ಕೆಲಸ ಆಗಿದ್ರೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಮಾಡ್ತಿರಲಿಲ್ಲ" ಎಂದ ಟರ್ನರ್. "ಇದು ನಮ್ಮ ಅಜ್ಜಿ ಫೋಟೋ ಅಲ್ವಾ?"

ಛಾಯಾಗ್ರಾಹಕ ನಗಬೇಕೋ ಅಳಬೇಕೋ ತಿಳಿಯದೆ ನಿಂತ. ಆಮೇಲೆ ವಿಷಯವನ್ನು ಬಿಡಿಸಿ ಹೇಳಿದ. ಆ ಒಂದು ಮಿಲಿಮೀಟರಿನಿಂದಾಗಿ ಮೂರು ಹೆಜ್ಜೆಯ ಆಚೆಯ ಲೋಕವೆಲ್ಲ ಮಂಜಾಗಿದೆ ಎಂದ. ಟರ್ನರ್ ನಂಬಲಿಲ್ಲ. ತಾನೇ ಬಂದು ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡಿದ. ತನ್ನ ಹೆಂಡತಿ ಯಾವುದು, ನಾದಿನಿ ಯಾವುದು ಎಂದು ಅವನಿಗೆ ಗೊತ್ತಾಗಲಿಲ್ಲ. ಆಗ ನಂಬಿದ.

ಆದರೂ ರಿಂಗನ್ನು ಕೈಯಲ್ಲಿ ಹಿಡಿದು ನಿಂತುಬಿಟ್ಟ. ಕೊರೆದ ಗೆಜ್ಜೆಯ ಮೇಲೆ ಹೆಬ್ಬೆರಳು ಆಡಿಸಿದ. "ಅರ್ಧ ದಿನ ಹಿಡಿದಿದೆ ಇದಕ್ಕೆ. ಬೇರೆ ದಾರಿ ಏನೂ ಇಲ್ವಾ?" ಎಂದು ಕೇಳಿದ.

ಅಜ್ಜಿ ಕುರ್ಚಿಯಿಂದಲೇ ಕೂಗಿದಳು. "ಅಳಿಯಂದ್ರೇ, ನನ್ನ ಮೇಲಿನ ಪ್ರೀತಿ ಒಂದು ಮಿಲಿಮೀಟರ್ ಜಾಸ್ತಿ ಆಗಿದೆಯಂತೆ. ಕಡಿದು ಹಾಕಿ ಬೇಗ ಬನ್ನಿ. ನಾನೇನು ಬೇಜಾರು ಮಾಡ್ಕೊಳಲ್ಲ."

ನಲವತ್ತು ಜನರೂ ನಕ್ಕರು. ಟರ್ನರ್ ಸ್ಕೂಟರ್ ಹತ್ತಿ ತನ್ನ ವರ್ಕ್‌ಶಾಪಿಗೆ ಹೋದ.

ಉಳಿದವರು ಯಾರೂ ಜಾಗ ಬಿಡಬಾರದು ಎಂದು ಅಜ್ಜಿಯ ಅಪ್ಪಣೆಯಾಯಿತು. ಬಿಟ್ಟರೆ ದೊಡ್ಡ ಸೊಸೆಯನ್ನು ಮತ್ತೆ ಹಿಂದೆ ನಿಲ್ಲಿಸಲು ಅವಳಿಂದ ಆಗುತ್ತಿರಲಿಲ್ಲ. ಎಲ್ಲರೂ ನಿಂತಲ್ಲೇ ಕುಳಿತರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಂತು. ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಕೈಯಿಂದ ಕೈಗೆ ಪೊಟ್ಟಣ ಹೋಯಿತು. ಎಷ್ಟೋ ವರ್ಷದಿಂದ ಫೋನಿನಲ್ಲೂ ಮಾತಾಡದಿದ್ದವರು ಪಕ್ಕ ಪಕ್ಕ ಕುಳಿತಿದ್ದರಿಂದ ಉಪ್ಪು ಕಡಿಮೆಯಾಯಿತು, ಖಾರ ಹೆಚ್ಚಾಯಿತು ಎಂದಾದರೂ ಮಾತಾಡಬೇಕಾಯಿತು. ಛಾಯಾಗ್ರಾಹಕ ಮಾತ್ರ ಗಡಿಯಾರ ನೋಡುತ್ತಿದ್ದ.

ಹನ್ನೆರಡೂ ನಲವತ್ತಕ್ಕೆ ಸ್ಕೂಟರ್ ಬಂತು. ರಿಂಗಿನ ಅಂಚಿನಲ್ಲಿ ಗೆಜ್ಜೆ ಇರಲಿಲ್ಲ. ಹೊಳಪೂ ಇರಲಿಲ್ಲ. ಟರ್ನರ್ ಅದನ್ನು ಕೊಟ್ಟು ಕೊನೆಯ ಸಾಲಿನ ತುದಿಗೆ ಹೋಗಿ ನಿಂತ. ಬಸ್ಸಿನವನು ಆಗಲೇ ಹಾರ್ನ್ ಹೊಡೆಯುತ್ತಿದ್ದ. ಛಾಯಾಗ್ರಾಹಕ ಹದಿನೈದು ಹೆಜ್ಜೆ ಹಿಂದೆ ಹೋದ. ಲೆನ್ಸನ್ನು ಮೆಲ್ಲಗೆ ತಿರುಗಿಸಿದ. ಮಂಜು ಒಂದೇ ಸಲಕ್ಕೆ ಹರಿಯಿತು. ನಲವತ್ತೊಂದು ಜನರೂ ತಮ್ಮ ತಮ್ಮ ಮುಖಕ್ಕೆ ಬಂದರು. ಎರಡನೆಯ ಮಗನ ಬೋಳುತಲೆ ಎಲ್ಲಕ್ಕಿಂತ ಸ್ಪಷ್ಟವಾಗಿತ್ತು. ಛಾಯಾಗ್ರಾಹಕ ಗುಂಡಿ ಒತ್ತಿದ.

ವಾರದ ಮೇಲೆ ಫೋಟೋ ಗೋಡೆಗೇರಿತು. ಅಜ್ಜಿ ಒಂದೊಂದು ಮುಖದ ಮೇಲೂ ಬೆರಳಿಟ್ಟು ಹೆಸರು ಹೇಳಿದಳು. ಒಂದೂ ತಪ್ಪಲಿಲ್ಲ. ಕೊನೆಯ ಸಾಲಿನ ತುದಿಗೆ ಬಂದಾಗ ಬೆರಳು ನಿಂತಿತು. ಎಲ್ಲರೂ ಕ್ಯಾಮೆರಾವನ್ನು ನೋಡುತ್ತಿದ್ದರು. ಟರ್ನರ್ ಒಬ್ಬನೇ ತಲೆ ತಗ್ಗಿಸಿ ಅಂಗೈಯನ್ನು ನೋಡುತ್ತಿದ್ದ. ಅಂಗೈಯಲ್ಲಿ ಅಲ್ಯೂಮಿನಿಯಮ್ಮಿನ ಸುರುಳಿಯೊಂದು ಹೊಳೆಯುತ್ತಿತ್ತು. ಲೇತ್ ಕಡಿದು ಹಾಕಿದ್ದನ್ನು ಅವನು ಎಸೆಯದೆ ತಂದಿದ್ದ. ಲೆನ್ಸ್ ಎಷ್ಟು ಒಳ್ಳೆಯದೆಂದರೆ, ಹದಿನೈದು ಹೆಜ್ಜೆಯಿಂದ ಅದೂ ಕಂಡಿತ್ತು.

ಇಷ್ಟು ಹೇಳಿ ಗುರುಗಳು ನೀರು ಕುಡಿದರು.

ಅಡಿವೆಯ್ಯ ನಗುತ್ತಿದ್ದ. "ತಿಳಿಯಿತು ಗುರುಗಳೇ. ನನ್ನ ಇನ್ನೂರ ಮೂವತ್ತು ಪುಟಗಳನ್ನೂ ತೆಗೆದುಬಿಡುತ್ತೇನೆ" ಎಂದ.

"ರಿಂಗನ್ನೇ ಎಸೆದರೆ ಲೆನ್ಸನ್ನು ಕೈಯಲ್ಲಿ ಹಿಡಿದು ನಿಲ್ಲಬೇಕಾಗುತ್ತದೆ. ಇಪ್ಪತ್ತೇಳೂವರೆ ಬೇಕೇ ಬೇಕು. ನಾನು ಹೇಳಿದ ಎಷ್ಟೋ ಮಾತು ಇಂದಿನ ಮಕ್ಕಳಿಗೆ ನೀನು ಬಿಡಿಸದೆ ಅರ್ಥವಾಗುವುದಿಲ್ಲ."

ಅಡಿವೆಯ್ಯನ ನಗು ಕಡಿಮೆಯಾಯಿತು. ಕಟ್ಟಿನ ಪುಟಗಳನ್ನು ಬೆರಳಿನಿಂದ ಸರಿಸಿ ನೋಡಿದ. "ಟರ್ನರ್‌ನಿಗೆ ಅಳತೆ ಬರೆದುಕೊಟ್ಟವರಿದ್ದರು. ನನಗೆ ಹಾಗೆ ಯಾರಿದ್ದಾರೆ? ಹೆಚ್ಚಾದ ಆ ಒಂದು ಮಿಲಿಮೀಟರ್ ಈ ಪುಟಗಳಲ್ಲಿ ಎಲ್ಲಿದೆ ಎಂದು ಹೇಗೆ ತಿಳಿಯಲಿ?"

"ಮಕ್ಕಳಿಗಾಗಿ ಬರೆಯುವುದನ್ನು ಬಿಟ್ಟು ನನಗಾಗಿ ಎಲ್ಲಿ ಬರೆದೆಯೋ, ಅಲ್ಲಿ" ಎಂದರು ಗುರುಗಳು.

ಪುಟ ಸರಿಸುತ್ತಿದ್ದ ಬೆರಳು ನಿಂತಿತು. ಗುರುಗಳನ್ನು ಹೊಗಳಿದ ಆ ಪುಟವನ್ನು ಅಡಿವೆಯ್ಯ ಕಟ್ಟಿನಿಂದ ಹೊರತೆಗೆದ.